ಆಣೆಯಿಡದ ಮಕ್ಕಳು

ಬೆಳಗಿನ ಗಂಟೆ ಬಾರಿಸಿದೊಡನೆ ಶಾಲೆಯ ಮಕ್ಕಳೆಲ್ಲ ಸಾಲಾಗಿ ನಿಂತು, ರಾಷ್ಟ್ರಧ್ವಜದ ಕಡೆಗೆ ಮುಖಮಾಡಿ, ತಮ್ಮ ದೇಶಕ್ಕೆ ನಿಷ್ಠರಾಗಿರುತ್ತೇವೆಂದು ಒಕ್ಕೊರಲಿನಿಂದ ಪ್ರತಿಜ್ಞೆ ಮಾಡುವುದರಲ್ಲಿ ವಾದಕ್ಕೆ ಎಡೆಯಾದರೂ ಎಲ್ಲಿದೆ ಎಂದು ವಾಚಕರು ಕೇಳಬಹುದು. ನೋಡುವವರ ಕಣ್ಣಿಗೆ ಅದು ಹಿತವಾದ ದೃಶ್ಯವೇ ಸರಿ. ಆದರೆ ಅರ್ಧ ನಿಮಿಷದಲ್ಲಿ ಮುಗಿದುಹೋಗುವ ಈ ವಿಧಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಊರುಗಳನ್ನು ಒಡೆದಿದೆ, ಮಕ್ಕಳನ್ನು ಶಾಲೆಯಿಂದ ಹೊರಗಟ್ಟಿದೆ. ಕೊನೆಗೆ ಆ ದೇಶದ ಸುಪ್ರೀಂ ಕೋರ್ಟು ತಾನು ಕೊಟ್ಟ ತೀರ್ಪನ್ನು ಮೂರೇ ವರ್ಷಗಳಲ್ಲಿ ತಾನೇ ಅಳಿಸಿ ಬರೆಯುವಂತೆ ಮಾಡಿದೆ. ದೇಶಭಕ್ತಿಯನ್ನು ಕಲಿಸಬಹುದೇ, ಕಲಿಸುವುದಾದರೆ ಬಲವಂತದಿಂದ ಕಲಿಸಬಹುದೇ ಎಂಬ ಪ್ರಶ್ನೆಗೆ ಇಷ್ಟು ಸ್ಪಷ್ಟವಾಗಿ ಉತ್ತರ ಹುಡುಕಿದ ಪ್ರಸಂಗ ಇತಿಹಾಸದಲ್ಲಿ ಹೆಚ್ಚಿಲ್ಲವೆಂದು ನನ್ನ ಎಣಿಕೆ.

ಅಮೆರಿಕದ ಆ ಪ್ರತಿಜ್ಞೆ ಹುಟ್ಟಿದ್ದು ಶಾಸನಸಭೆಯಲ್ಲಲ್ಲ, ಯುದ್ಧಭೂಮಿಯಲ್ಲೂ ಅಲ್ಲ. ಬಾಸ್ಟನ್ ನಗರದ ಒಂದು ಪತ್ರಿಕೆಯ ಕಚೇರಿಯಲ್ಲಿ. ‘ಯೂತ್ಸ್ ಕಂಪ್ಯಾನಿಯನ್’ ಎಂಬುದು ಮನೆಮಂದಿಯೆಲ್ಲ ಓದುತ್ತಿದ್ದ ವಾರಪತ್ರಿಕೆ. ಪ್ರತಿಯೊಂದು ಶಾಲೆಯ ಮೇಲೂ ಬಾವುಟ ಹಾರಬೇಕೆಂದು ಅದು ಚಳವಳಿ ನಡೆಸುತ್ತಿತ್ತು. ಜೊತೆಗೆ ಶಾಲೆಗಳಿಗೆ ಬಾವುಟಗಳನ್ನು ಮಾರುತ್ತಲೂ ಇತ್ತು. ಭಕ್ತಿಯೂ ವ್ಯಾಪಾರವೂ ಒಂದೇ ಗಾಡಿಗೆ ಹೂಡಿದ ಎತ್ತುಗಳಾಗುವುದು ಹೊಸದೇನಲ್ಲ. ಕೊಲಂಬಸನು ಅಮೆರಿಕವನ್ನು ಮುಟ್ಟಿ ನಾನೂರು ವರ್ಷ ತುಂಬಿದ ೧೮೯೨ರಲ್ಲಿ ಶಾಲೆಗಳ ಉತ್ಸವಕ್ಕಾಗಿ ಒಂದು ಪ್ರತಿಜ್ಞಾವಾಕ್ಯ ಬೇಕಾಯಿತು. ಅದನ್ನು ಬರೆದವರು ಅದೇ ಕಚೇರಿಯಲ್ಲಿ ಕೆಲಸಕ್ಕಿದ್ದ ಫ್ರಾನ್ಸಿಸ್ ಬೆಲ್ಲಮಿ. ಅವರು ಬ್ಯಾಪ್ಟಿಸ್ಟ್ ಪಂಥದ ಪಾದ್ರಿ, ವಿಚಾರದಲ್ಲಿ ಸಮಾಜವಾದಿ. ಬರೆದದ್ದು ಒಂದೇ ವಾಕ್ಯ. ಬಾವುಟಕ್ಕೂ ಅದು ಪ್ರತಿನಿಧಿಸುವ ಗಣರಾಜ್ಯಕ್ಕೂ ನಾನು ನಿಷ್ಠನು. ಈ ರಾಷ್ಟ್ರ ಒಂದೇ, ಅದನ್ನು ಒಡೆಯಲಾಗದು. ಇಲ್ಲಿ ಎಲ್ಲರಿಗೂ ಸ್ವಾತಂತ್ರ್ಯವುಂಟು, ನ್ಯಾಯವುಂಟು ಎಂಬುದು ಅದರ ಭಾವ. ಅಂತರ್ಯುದ್ಧ ಮುಗಿದು ಆಗ ಇನ್ನೂ ಮೂವತ್ತು ವರ್ಷ ಕಳೆದಿರಲಿಲ್ಲ. ಯೂರೋಪಿನಿಂದ ಹಡಗುಗಟ್ಟಲೆ ಜನ ಬಂದಿಳಿಯುತ್ತಿದ್ದರು. ಇವರನ್ನೆಲ್ಲ ಒಂದು ದಾರದಲ್ಲಿ ಪೋಣಿಸುವ ಮಾತು ಬೇಕೆಂದು ಅವರಿಗೆ ತೋರಿದ್ದು ಸಹಜವೇ. ಪಾದ್ರಿಯೇ ಬರೆದ ಆ ವಾಕ್ಯದಲ್ಲಿ ದೇವರ ಹೆಸರು ಇರಲಿಲ್ಲವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಉತ್ಸವಕ್ಕೆಂದು ಬರೆದದ್ದು ಕ್ರಮೇಣ ನಿತ್ಯವಿಧಿಯಾಯಿತು. ೧೮೯೮ರಲ್ಲಿ, ಸ್ಪೇನಿನೊಡನೆ ಯುದ್ಧ ಹೂಡಿದ ಕಾಲದಲ್ಲಿ, ನ್ಯೂಯಾರ್ಕ್ ಸಂಸ್ಥಾನ ಶಾಲೆಗಳಲ್ಲಿ ಧ್ವಜವಂದನೆಗೆ ಕಾನೂನು ಮಾಡಿತು. ಮೊದಲನೆಯ ಮಹಾಯುದ್ಧದ ಹೊತ್ತಿಗೆ ಬೇರೆ ಸಂಸ್ಥಾನಗಳೂ ಆ ದಾರಿ ಹಿಡಿದವು. ‘ನನ್ನ ಬಾವುಟ’ ಎಂದರೆ ವಲಸೆ ಬಂದವನು ತನ್ನ ಹಳೆಯ ದೇಶದ ಬಾವುಟವನ್ನು ನೆನೆದುಕೊಂಡಾನೆಂದು ಶಂಕಿಸಿ, ೧೯೨೩ರಲ್ಲಿ ‘ಸಂಯುಕ್ತ ಸಂಸ್ಥಾನಗಳ ಬಾವುಟ’ ಎಂದು ತಿದ್ದಿದರು. ಮಕ್ಕಳಿಗೆ ಮಾತ್ರ ಇದೆಲ್ಲ ಬಾಯಿಪಾಠ. ‘ಫಾರ್ ವಿಚ್ ಇಟ್ ಸ್ಟ್ಯಾಂಡ್ಸ್’ ಎಂಬುದನ್ನು ‘ಫಾರ್ ರಿಚರ್ಡ್ ಸ್ಟ್ಯಾಂಡ್ಸ್’ ಎಂದು ಕೇಳಿಸಿಕೊಂಡು, ಈ ರಿಚರ್ಡ್ ಯಾರೋ ದೊಡ್ಡ ಮನುಷ್ಯನಿರಬೇಕೆಂದು ನಂಬಿದ ಮಕ್ಕಳ ಕಥೆ ಆ ದೇಶದಲ್ಲಿ ಹಳೆಯ ನಗೆಚಾಟಿಕೆ. ನಮ್ಮಲ್ಲಿಯೂ ಗಿಣಿಪಾಠದ ಶ್ಲೋಕಗಳಿಗೆ ಮಕ್ಕಳು ಕಟ್ಟಿಕೊಂಡ ಅರ್ಥಗಳನ್ನು ಕೇಳಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ನಗೆಯ ಮಾತು ಅಷ್ಟಕ್ಕೆ ಸಾಕು. ೧೯೩೫ರಲ್ಲಿ ಪೆನ್ಸಿಲ್ವೇನಿಯ ಸಂಸ್ಥಾನದ ಮೈನರ್ಸ್‌ವಿಲ್ ಎಂಬ ಕಲ್ಲಿದ್ದಲ ಗಣಿಯ ಊರಿನಲ್ಲಿ, ಒಬ್ಬ ದಿನಸಿ ಅಂಗಡಿಯವನ ಇಬ್ಬರು ಮಕ್ಕಳು ಈ ವಂದನೆಯನ್ನು ಮಾಡುವುದಿಲ್ಲವೆಂದರು. ಲಿಲಿಯನ್ ಗೊಬೈಟಾಸಳಿಗೆ ಆಗ ಹನ್ನೆರಡು ವರ್ಷ. ತಮ್ಮ ವಿಲಿಯಂನಿಗೆ ಹತ್ತು. ಆ ಮನೆಯವರು ‘ಯೆಹೋವನ ಸಾಕ್ಷಿಗಳು’ ಎಂಬ ಕ್ರೈಸ್ತ ಪಂಥಕ್ಕೆ ಸೇರಿದವರು. ದೇವರನ್ನಲ್ಲದೆ ಯಾವ ರೂಪಕ್ಕೂ ಪ್ರತಿಮೆಗೂ ಅಡ್ಡಬೀಳಬಾರದೆಂಬ ಬೈಬಲಿನ ಆಜ್ಞೆ ಬಾವುಟಕ್ಕೂ ಅನ್ವಯಿಸುತ್ತದೆಂದು ಅವರ ನಂಬಿಕೆ. ಅದೇ ಕಾಲದಲ್ಲಿ ಜರ್ಮನಿಯಲ್ಲಿ ಅದೇ ಪಂಥದವರು ಹಿಟ್ಲರನಿಗೆ ಕೈಯೆತ್ತಲು ಒಪ್ಪದೆ ಸೆರೆಮನೆಗೂ ಬಂಧನ ಶಿಬಿರಗಳಿಗೂ ಹೋಗುತ್ತಿದ್ದರು. ಅಮೆರಿಕದ ಮಕ್ಕಳು ಬಾವುಟಕ್ಕೆ ಮಾಡುತ್ತಿದ್ದ ವಂದನೆಯೂ ಬಲಗೈಯನ್ನು ಮುಂದಕ್ಕೆ ನೀಳವಾಗಿ ಚಾಚುವುದೇ ಆಗಿತ್ತು! ಎದೆಯ ಮೇಲೆ ಕೈಯಿಡುವ ಈಗಿನ ಪದ್ಧತಿ ಬಂದದ್ದು ೧೯೪೨ರ ಡಿಸೆಂಬರಿನಲ್ಲಿ.

ಹುಡುಗ ವಿಲಿಯಂ ಶಾಲಾಮಂಡಳಿಗೆ ಪೆನ್ಸಿಲಿನಲ್ಲಿ ಒಂದು ಕಾಗದ ಬರೆದ. ದೇಶದ ಮೇಲೆ ತನಗೆ ಪ್ರೀತಿಯಿಲ್ಲವೆಂದಲ್ಲ, ದೇಶವನ್ನು ಪ್ರೀತಿಸುತ್ತೇನೆ, ಆದರೆ ದೇವರನ್ನು ಇನ್ನೂ ಹೆಚ್ಚು ಪ್ರೀತಿಸುತ್ತೇನೆ ಎಂಬುದು ಅದರ ಸಾರಾಂಶ. ಹಿರಿಯರು ಆ ಕಾಗದಕ್ಕೆ ಕೊಟ್ಟ ಜವಾಬು, ಮರುದಿನವೇ ಇಬ್ಬರನ್ನೂ ಶಾಲೆಯಿಂದ ತೆಗೆದುಹಾಕಿದ್ದು. ತಂದೆ ಮಕ್ಕಳನ್ನು ದೂರದ ಖಾಸಗಿ ಶಾಲೆಗೆ ಕಳುಹಿಸಿ, ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಿದ. ಕೆಳಗಿನ ಎರಡು ನ್ಯಾಯಾಲಯಗಳಲ್ಲಿಯೂ ಗೆದ್ದ. ಮಂಡಳಿ ಸುಪ್ರೀಂ ಕೋರ್ಟಿಗೆ ಹೋಯಿತು.

೧೯೪೦ರ ಜೂನ್ ೩ರಂದು ತೀರ್ಪು ಬಂದಿತು. ಎಂಟು ಮಂದಿ ನ್ಯಾಯಾಧೀಶರು ಶಾಲಾಮಂಡಳಿಯ ಕಡೆ. ಮಕ್ಕಳ ಕಡೆ ಹಾರ್ಲನ್ ಸ್ಟೋನ್ ಒಬ್ಬರೇ. ಬಹುಮತದ ತೀರ್ಪು ಬರೆದ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಕಲ್ಲೆದೆಯವರಲ್ಲ. ವಿಯೆನ್ನಾದಲ್ಲಿ ಹುಟ್ಟಿದ ಯೆಹೂದ್ಯರು. ಹನ್ನೆರಡನೆಯ ವಯಸ್ಸಿನಲ್ಲಿ, ಇಂಗ್ಲಿಷ್ ಬಾರದ ಹುಡುಗನಾಗಿ ನ್ಯೂಯಾರ್ಕಿಗೆ ಬಂದು, ಅಲ್ಲಿನ ಸಾರ್ವಜನಿಕ ಶಾಲೆಯಲ್ಲಿ ಓದಿ ಮೇಲೆ ಬಂದವರು. ಆ ಬಾವುಟ ತನಗೆ ಏನು ಕೊಟ್ಟಿದೆಯೆಂಬುದನ್ನು ಅವರು ಮರೆಯುವಂತಿರಲಿಲ್ಲ. ಮೇಲಾಗಿ ಕಾಲ ಎಂಥದು! ಆ ವಾರ ಡನ್‌ಕರ್ಕಿನ ಮರಳದಂಡೆಯಿಂದ ಇಂಗ್ಲಿಷ್ ಸೈನ್ಯ ಜೀವ ಉಳಿಸಿಕೊಂಡು ಹಡಗು ಹತ್ತುತ್ತಿತ್ತು, ಫ್ರಾನ್ಸ್ ಕುಸಿಯುತ್ತಿತ್ತು. ರಾಷ್ಟ್ರದ ಏಕತೆಯೇ ರಾಷ್ಟ್ರದ ಭದ್ರತೆಗೆ ಬುನಾದಿ, ಆ ಏಕತೆಯನ್ನು ಮಕ್ಕಳ ಮನಸ್ಸಿನಲ್ಲಿ ಬೆಳೆಸುವ ಬಗೆ ಯಾವುದೆಂಬುದನ್ನು ಜನರ ಪ್ರತಿನಿಧಿಗಳು ತೀರ್ಮಾನಿಸಬೇಕೇ ಹೊರತು ನ್ಯಾಯಾಧೀಶರಲ್ಲ ಎಂದು ಅವರು ಬರೆದರು.

ಆದರೆ ನ್ಯಾಯಾಲಯದ ಮಾತು ಬೀದಿಗೆ ಬಂದಾಗ ಅದರ ಅರ್ಥ ಬೇರೆಯಾಗುತ್ತದೆ. ಈ ಜನ ದೇಶದ್ರೋಹಿಗಳೆಂದು ದೊಡ್ಡ ಕೋರ್ಟೇ ಹೇಳಿದೆ ಎಂದು ಹಲವರು ತಿಳಿದರು. ತೀರ್ಪು ಬಂದ ಒಂದು ವಾರದೊಳಗೆ ಮೇನ್ ಸಂಸ್ಥಾನದ ಕೆನೆಬಂಕಿನಲ್ಲಿ ಆ ಪಂಥದವರ ಸಭಾಗೃಹ ಉರಿದುಹೋಯಿತು. ಇಲಿನಾಯ್ ಸಂಸ್ಥಾನದ ಲಿಚ್‌ಫೀಲ್ಡಿನಲ್ಲಿ ಜನರ ಗುಂಪು ಅವರ ಮೇಲೆ ಬಿದ್ದಿತು. ಪಶ್ಚಿಮ ವರ್ಜೀನಿಯದ ರಿಚ್‌ವುಡ್ಡಿನಲ್ಲಿ ಪೋಲೀಸು ಅಧಿಕಾರಿಯೊಬ್ಬನೇ ಮುಂದೆ ನಿಂತು ಅವರಿಗೆ ಬಲವಂತದಿಂದ ಹರಳೆಣ್ಣೆ ಕುಡಿಸಿ, ಹಗ್ಗದಲ್ಲಿ ಸಾಲಾಗಿ ಕಟ್ಟಿ, ಬಾವುಟದ ಮುಂದೆ ನಡೆಸಿದ. ಯಾವ ಬಾವುಟದ ಗೌರವಕ್ಕಾಗಿ ಇದೆಲ್ಲ ನಡೆಯಿತೋ ಆ ಬಾವುಟಕ್ಕೆ ಇದಕ್ಕಿಂತ ಹೆಚ್ಚಿನ ಅಗೌರವವನ್ನು ಆ ಇಬ್ಬರು ಮಕ್ಕಳು ಮಾಡಿದ್ದರೇ?

ಅದೇ ಪಶ್ಚಿಮ ವರ್ಜೀನಿಯದ ಶಿಕ್ಷಣ ಮಂಡಳಿ ೧೯೪೨ರ ಜನವರಿಯಲ್ಲಿ, ಫ್ರಾಂಕ್‌ಫರ್ಟರರ ತೀರ್ಪಿನ ಮಾತುಗಳನ್ನೇ ಎತ್ತಿಕೊಂಡು, ಎಲ್ಲ ಶಾಲೆಗಳಲ್ಲಿಯೂ ಧ್ವಜವಂದನೆಯನ್ನು ಕಡ್ಡಾಯ ಮಾಡಿತು. ಒಪ್ಪದ ಮಗುವನ್ನು ಶಾಲೆಯಿಂದ ತೆಗೆಯತಕ್ಕದ್ದು. ತೆಗೆದ ಮೇಲೆ ಮಗು ಶಾಲೆಗೆ ಬಾರದ ಅಪರಾಧಕ್ಕಾಗಿ ತಂದೆತಾಯಿಗಳಿಗೆ ಐವತ್ತು ಡಾಲರಿನವರೆಗೆ ದಂಡ, ಮೂವತ್ತು ದಿನದವರೆಗೆ ಸೆರೆ. ಬಾಗಿಲು ಮುಚ್ಚಿ ಹೊರಗೆ ನಿಲ್ಲಿಸಿ, ಒಳಗೆ ಏಕೆ ಬರಲಿಲ್ಲವೆಂದು ಹೊಡೆದಂತಾಯಿತು! ಬಾರ್ನೆಟ್ ಎಂಬ ಮನೆತನದ ಇಬ್ಬರು ಪುಟ್ಟ ಹುಡುಗಿಯರು ಹೀಗೆ ಹೊರಬಿದ್ದರು. ಅವರ ಮನೆಯವರೂ ಇತರರೂ ಸೇರಿ ಮೊಕದ್ದಮೆ ಹೂಡಿದರು. ತಾವು ಬಾವುಟವನ್ನು ಗೌರವಿಸುತ್ತೇವೆಂದು ಬೇರೆ ಮಾತುಗಳಲ್ಲಿ ಹೇಳಲು ಆ ಪಂಥದವರು ಸಿದ್ಧರಿದ್ದರು. ಮಂಡಳಿಗೆ ಅದು ಸಾಲದಾಯಿತು. ಒಂದು ಸಣ್ಣ ವಿಚಿತ್ರ: ಗೊಬೈಟಾಸ್ ಎಂಬ ಹೆಸರನ್ನು ‘ಗೊಬೈಟಿಸ್’ ಎಂದೂ, ಬಾರ್ನೆಟ್ ಎಂಬುದಕ್ಕೆ ಕೊನೆಯಲ್ಲಿ ಒಂದಕ್ಷರ ಹೆಚ್ಚಿಗೆ ಸೇರಿಸಿಯೂ ನ್ಯಾಯಾಲಯದ ಕಡತಗಳಲ್ಲಿ ಬರೆದರು. ಆ ತಪ್ಪು ಹೆಸರುಗಳೇ ಕಾನೂನಿನ ಪುಸ್ತಕಗಳಲ್ಲಿ ಚಿರವಾಗಿ ನಿಂತಿವೆ. ಪಾಪ, ಮಕ್ಕಳು ಪ್ರತಿಜ್ಞೆಯ ಒಂದಕ್ಷರವನ್ನೂ ತಪ್ಪಬಾರದು!

ಇಷ್ಟರಲ್ಲಿ ಸುಪ್ರೀಂ ಕೋರ್ಟಿನ ಒಳಗೂ ಮನಸ್ಸುಗಳು ಕದಲಿದ್ದವು. ಬ್ಲಾಕ್, ಡಗ್ಲಾಸ್, ಮರ್ಫಿ ಎಂಬ ಮೂವರು ನ್ಯಾಯಾಧೀಶರು, ೧೯೪೦ರಲ್ಲಿ ತಾವು ಕೊಟ್ಟ ಮತ ತಪ್ಪೆಂದು ೧೯೪೨ರಲ್ಲಿ ಬೇರೊಂದು ಮೊಕದ್ದಮೆಯ ನಡುವೆ ಬಹಿರಂಗವಾಗಿ ಒಪ್ಪಿಕೊಂಡರು. ಒಂಟಿಯಾಗಿ ಭಿನ್ನಮತ ಬರೆದಿದ್ದ ಸ್ಟೋನ್ ಈಗ ಮುಖ್ಯ ನ್ಯಾಯಾಧೀಶರಾಗಿದ್ದರು. ೧೯೪೩ರ ಜೂನ್ ೧೪ರಂದು, ಆ ದೇಶದ ಧ್ವಜದಿನದಂದೇ, ಆರು ಮತಗಳಿಗೆ ಮೂರರಂತೆ ಹಳೆಯ ತೀರ್ಪು ಬಿದ್ದುಹೋಯಿತು. ಹೊಸ ತೀರ್ಪು ಬರೆದವರು ರಾಬರ್ಟ್ ಜಾಕ್ಸನ್. ಪ್ರತಿಜ್ಞೆ ಹುಟ್ಟಿದ ೧೮೯೨ರಲ್ಲಿಯೇ ಹುಟ್ಟಿದವರು. ಮುಂದೆ ನ್ಯೂರೆಂಬರ್ಗಿನಲ್ಲಿ ನಾಜಿ ನಾಯಕರ ಮೇಲೆ ಅಮೆರಿಕದ ಪರವಾಗಿ ಆರೋಪ ಹೊರಿಸಿ ವಾದಿಸಿದವರು.

ಜಾಕ್ಸನ್ನರ ವಾದದಲ್ಲಿ ಒಂದು ಸೂಕ್ಷ್ಮವಿದೆ. ಇವರ ಮತಧರ್ಮ ಬೇರೆ, ಆದ್ದರಿಂದ ಇವರಿಗೆ ರಿಯಾಯಿತಿ ಕೊಡಿ ಎಂದು ಅವರು ಹೇಳಲಿಲ್ಲ. ಮನಸ್ಸಿನಲ್ಲಿಲ್ಲದ ಮಾತನ್ನು ಬಾಯಿಂದ ಹೇಳಿಸುವ ಅಧಿಕಾರ ಸರ್ಕಾರಕ್ಕೆ ಯಾರ ಮೇಲೂ ಇಲ್ಲ, ಮಗು ಯಾವ ಮತದ್ದಾದರೂ ಸರಿ, ಯಾವ ಮತವೂ ಇಲ್ಲದ್ದಾದರೂ ಸರಿ ಎಂದರು. ರಾಜಕೀಯದಲ್ಲಾಗಲಿ ಧರ್ಮದಲ್ಲಾಗಲಿ ಇದೇ ಸರಿಯಾದ ನಂಬಿಕೆಯೆಂದು ಕಟ್ಟಳೆ ಮಾಡಲು ದೊಡ್ಡ ಅಧಿಕಾರಿಗೂ ಹಕ್ಕಿಲ್ಲ, ಸಣ್ಣ ಅಧಿಕಾರಿಗೂ ಹಕ್ಕಿಲ್ಲ; ಬಲಾತ್ಕಾರದಿಂದ ತಂದ ಒಮ್ಮತ ಸ್ಮಶಾನದ ಒಮ್ಮತ ಎಂದರು. ಯುದ್ಧ ಇನ್ನೂ ನಡೆಯುತ್ತಿತ್ತು. ಅಮೆರಿಕದ ಹುಡುಗರು ಅದೇ ಬಾವುಟದ ಕೆಳಗೆ ಸಾಯುತ್ತಿದ್ದರು. ಅಂಥ ಹೊತ್ತಿನಲ್ಲಿ ಈ ಮಾತನ್ನು ಬರೆಯುವುದಕ್ಕೆ ಧೈರ್ಯ ಬೇಕಾಗಿತ್ತು.

ಫ್ರಾಂಕ್‌ಫರ್ಟರ್ ತಮ್ಮ ಮತವನ್ನು ಬಿಡಲಿಲ್ಲ. ಚರಿತ್ರೆಯಲ್ಲೆಲ್ಲ ಅತ್ಯಂತ ಹಿಂಸೆಗೊಳಗಾದ ಜನಾಂಗಕ್ಕೆ ಸೇರಿದ ತನಗೆ ಸ್ವಾತಂತ್ರ್ಯದ ಬೆಲೆ ಗೊತ್ತಿಲ್ಲದಿಲ್ಲ, ಆದರೆ ನ್ಯಾಯಾಧೀಶನು ತನ್ನ ಸ್ವಂತ ಇಷ್ಟವನ್ನು ಕಾನೂನೆಂದು ಹೇರಬಾರದು ಎಂದು ಅವರು ನೋವಿನಿಂದ ಬರೆದರು. ಇದನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಜನ ತಮ್ಮ ತಪ್ಪನ್ನು ತಾವೇ ತಿದ್ದಿಕೊಳ್ಳುವುದು ಪ್ರಜಾಪ್ರಭುತ್ವದ ಉತ್ತಮ ದಾರಿಯೇ. ಆದರೆ ಆ ತಿದ್ದುಪಡಿಯಾಗುವವರೆಗೆ ಹತ್ತು ವರ್ಷದ ಹುಡುಗ ಎಲ್ಲಿ ಓದಬೇಕು? ಅವನಿಗೆ ಮತವಿಲ್ಲ, ಅವನ ಪಂಥಕ್ಕೆ ಸಂಖ್ಯಾಬಲವಿಲ್ಲ. ಬಹುಮತ ತನ್ನ ತಪ್ಪನ್ನು ಅರಿಯುವಷ್ಟರಲ್ಲಿ ಅವನ ಬಾಲ್ಯ ಕಳೆದಿರುತ್ತದೆ. ನನ್ನ ಮಟ್ಟಿಗೆ ಜಾಕ್ಸನ್ನರ ಪಕ್ಷವೇ ಸರಿಯೆಂದು ತೋರುವುದು ಇದರಿಂದ.

ಚರ್ಚೆ ಅಲ್ಲಿಗೆ ಮುಗಿಯಲಿಲ್ಲ. ಸೋವಿಯೆಟ್ ರಷ್ಯದೊಡನೆ ಶೀತಲಯುದ್ಧ ಬಿಸಿಯೇರಿದ್ದ ೧೯೫೪ರಲ್ಲಿ, ಮತ್ತೆ ಜೂನ್ ೧೪ರಂದೇ, ಅಧ್ಯಕ್ಷ ಐಸೆನ್‌ಹೋವರ್ ಸಹಿಮಾಡಿದ ಕಾಯಿದೆಯೊಂದು ‘ದೇವರ ಆಶ್ರಯದಲ್ಲಿ’ ಎಂಬ ಮಾತನ್ನು ಪ್ರತಿಜ್ಞೆಯೊಳಗೆ ಸೇರಿಸಿತು. ಪಾದ್ರಿ ಬರೆಯದೆ ಬಿಟ್ಟದ್ದನ್ನು ರಾಜಕಾರಣಿಗಳು ಬರೆದರು. ಅದನ್ನು ತೆಗೆಯಬೇಕೆಂದು ಕ್ಯಾಲಿಫೋರ್ನಿಯದ ನಾಸ್ತಿಕ ತಂದೆಯೊಬ್ಬ ಹೂಡಿದ ಮೊಕದ್ದಮೆಯನ್ನು, ಮಗಳ ಪರವಾಗಿ ವಾದಿಸುವ ಹಕ್ಕು ಆತನಿಗಿಲ್ಲವೆಂಬ ಕಾರಣ ಹೇಳಿ, ೨೦೦೪ರ ಜೂನ್ ೧೪ರಂದು ಸುಪ್ರೀಂ ಕೋರ್ಟು ಕೈಬಿಟ್ಟಿತು. ಇಂದಿಗೂ ಅಲ್ಲಿನ ಬಹುಪಾಲು ಸಂಸ್ಥಾನಗಳ ಶಾಲೆಗಳಲ್ಲಿ ಪ್ರತಿಜ್ಞೆಗೆ ವೇಳೆ ಮೀಸಲಾಗಿದೆ. ಹೇಳದೆ ಸುಮ್ಮನಿರುವ ಹಕ್ಕೂ ಮಕ್ಕಳಿಗಿದೆ.

ನಮ್ಮ ದೇಶಕ್ಕೂ ಈ ಕಥೆಗೂ ನಂಟಿಲ್ಲದಿಲ್ಲ. ನಮ್ಮ ಶಾಲೆಗಳ ಪ್ರತಿಜ್ಞೆಯನ್ನು ೧೯೬೨ರಲ್ಲಿ ತೆಲುಗಿನಲ್ಲಿ ಬರೆದವರು ಪೈಡಿಮರ್ರಿ ವೆಂಕಟ ಸುಬ್ಬರಾವ್. ೧೯೬೪ರಲ್ಲಿ ಬೆಂಗಳೂರಿನಲ್ಲಿ ಎಂ. ಸಿ. ಛಾಗ್ಲಾ ಅವರ ಅಧ್ಯಕ್ಷತೆಯಲ್ಲಿ ಸೇರಿದ ಕೇಂದ್ರ ಶಿಕ್ಷಣ ಸಲಹಾ ಮಂಡಳಿಯ ಸಭೆಯ ಬಳಿಕ ಅದು ದೇಶದ ಶಾಲೆಗಳಿಗೆಲ್ಲ ಹಬ್ಬಿತು. ೧೯೮೫ರಲ್ಲಿ ಕೇರಳದಲ್ಲಿ ಅದೇ ‘ಯೆಹೋವನ ಸಾಕ್ಷಿಗಳ’ ಪಂಥದ ಮೂವರು ಮಕ್ಕಳು, ರಾಷ್ಟ್ರಗೀತೆಗೆ ಗೌರವದಿಂದ ಎದ್ದುನಿಂತರೂ ಹಾಡಲಿಲ್ಲವೆಂದು ಶಾಲೆಯಿಂದ ಹೊರಬಿದ್ದರು. ಕೇರಳದ ಉಚ್ಚ ನ್ಯಾಯಾಲಯದಲ್ಲಿ ಅವರು ಸೋತರು. ೧೯೮೬ರ ಆಗಸ್ಟಿನಲ್ಲಿ ನಮ್ಮ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರು ಅಮೆರಿಕದ ಆ ಎರಡು ತೀರ್ಪುಗಳನ್ನೂ ಪರಿಶೀಲಿಸಿ, ಮಕ್ಕಳನ್ನು ಮರಳಿ ಶಾಲೆಗೆ ಸೇರಿಸಿಕೊಳ್ಳಬೇಕೆಂದು ವಿಧಿಸಿದರು. ಸಹನೆಯನ್ನು ನಮ್ಮ ಪರಂಪರೆ ಕಲಿಸುತ್ತದೆ, ನಮ್ಮ ದರ್ಶನ ಬೋಧಿಸುತ್ತದೆ, ನಮ್ಮ ಸಂವಿಧಾನ ಆಚರಿಸುತ್ತದೆ, ಅದನ್ನು ತೆಳುವಾಗಿಸಬಾರದು ಎಂಬುದು ಅವರ ಮಾತಿನ ತಾತ್ಪರ್ಯ.

ಪ್ರತಿಜ್ಞೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ಕೂಡಿ ಆಡಿದ ಮಾತಿಗೆ ಒಂದು ಶಕ್ತಿಯಿದೆ. ಆದರೆ ಭಾಷೆ ಕೊಡುವುದೆಂದರೇನೆಂದು ನಮ್ಮ ನಾಡಿನ ಮಕ್ಕಳು ಪುಣ್ಯಕೋಟಿಯ ಕಥೆಯಿಂದ ಬಲ್ಲರು. ಹುಲಿ ಆ ಹಸುವಿಗೆ ಹಗ್ಗ ಕಟ್ಟಿ ಕಳುಹಿಸಲಿಲ್ಲ. ಬಾರದಿರುವ ದಾರಿ ಅದಕ್ಕೆ ತೆರೆದೇ ಇತ್ತು. ಅದು ಹಿಂದಿರುಗಿ ಬಂದುದಕ್ಕೆ ಬೆಲೆ ಬಂದದ್ದು ಅದರಿಂದ. ಹಾಗೆಯೇ, ಹೇಳದಿರುವ ದಾರಿ ತೆರೆದಿರುವ ಶಾಲೆಯಲ್ಲಿ ಮಾತ್ರ ಹೇಳಿದ ಮಾತಿಗೆ ತೂಕ. ಬೆಲ್ಲಮಿಯವರ ವಾಕ್ಯ ಎಲ್ಲರಿಗೂ ಸ್ವಾತಂತ್ರ್ಯ, ಎಲ್ಲರಿಗೂ ನ್ಯಾಯ ಎಂಬ ಭರವಸೆಯಿಂದ ಮುಗಿಯುತ್ತದೆ. ದಿನವೂ ಅದನ್ನು ಹೇಳಿದ ಲಕ್ಷಾಂತರ ಮಕ್ಕಳು ಆ ಭರವಸೆಯನ್ನು ಕಂಠಪಾಠ ಮಾಡಿದರು. ಅದನ್ನು ನಿಜಮಾಡಿ ತೋರಿಸುವಂತೆ ದೇಶವನ್ನು ಕೇಳಿದವರು ಬಾಯಿ ಮುಚ್ಚಿ ನಿಂತ ಕೆಲವೇ ಮಕ್ಕಳು.