ಊರು ಬಿಟ್ಟ ಹಬ್ಬಗಳು

ಡಿಸೆಂಬರ್ ಹತ್ತಿರ ಬಂತೆಂದರೆ ನಮ್ಮೆಲ್ಲರ ಮೊಬೈಲಿಗೂ ಒಂದು ಸಂದೇಶ ಬರುತ್ತದೆ. ಕ್ರಿಸ್ಮಸ್ ಕ್ರೈಸ್ತರದ್ದೇ ಅಲ್ಲ, ರೋಮನ್ನರ ಸೂರ್ಯನ ಹಬ್ಬವನ್ನು ಕದ್ದದ್ದು ಎಂಬುದು ಅದರ ಸಾರ. ಈಸ್ಟರ್ ಹೊತ್ತಿಗೆ ಇಂಥದ್ದೇ ಇನ್ನೊಂದು. ದೀಪಾವಳಿ ಬಂದಾಗ ನಮ್ಮ ಆಚರಣೆಗಳ ಬಗ್ಗೆಯೂ ಯಾರೋ ಬರೆದದ್ದು ಓಡಾಡುತ್ತದೆ. ಊರಿನಲ್ಲಾದರೆ ಓದಿ ಮರೆತುಬಿಡಬಹುದು. ಇಲ್ಲಿ ಒಂದೇ ಕೋಣೆಯಲ್ಲಿ ಉಡುಪಿಯವರು, ಕಲಬುರಗಿಯವರು, ಕೊಟ್ಟಾಯಂನವರು, ಮನಿಲಾದವರು ಒಟ್ಟಿಗೆ ಇರುತ್ತೇವೆ. ಕ್ರಿಸ್ಮಸ್ಸಿಗೆ ರಜೆ ಸಿಗದ ನರ್ಸ್ ರಾತ್ರಿ ಪಾಳಿಯಲ್ಲೇ ನಮಗೆಲ್ಲ ಕೇಕ್ ಹಂಚುತ್ತಾರೆ. ಅವರ ಹಬ್ಬವನ್ನು ಕದ್ದ ಮಾಲು ಎನ್ನುವ ಸಂದೇಶವನ್ನು ಮುಂದಕ್ಕೆ ಕಳಿಸುವ ಮುನ್ನ ಅದು ಎಷ್ಟು ನಿಜ ಎಂದು ನೋಡಬೇಡವೇ? ನಾವು ಔಷಧ ವಿಭಾಗದವರು ಲೇಬಲ್ ಓದದೆ ಮಾತ್ರೆ ಕೊಡುವುದಿಲ್ಲ. ಇಲ್ಲಿಯೂ ಅದೇ ಕ್ರಮ ಅನುಸರಿಸೋಣ.

ಪೇಗನ್ ಎಂಬ ಮಾತು ಲ್ಯಾಟಿನ್ ಭಾಷೆಯ ಪಾಗಾನುಸ್‌ನಿಂದ ಬಂದದ್ದು. ಹಳ್ಳಿಗಾಡಿನವನು ಎಂದು ಅದರ ಅರ್ಥ. ಮುಂದೆ ಹಳೆಯ ದೇವರುಗಳನ್ನು ಬಿಡದವರಿಗೆ ಆ ಹೆಸರು ಅಂಟಿಕೊಂಡಿತು. ರೋಮನ್ನರು ಡಿಸೆಂಬರ್ 17ರಿಂದ ಸಾಟರ್ನೇಲಿಯ ಎಂಬ ಹಬ್ಬ ಮಾಡುತ್ತಿದ್ದರು. ಉಡುಗೊರೆ ಕೊಡುವುದು, ಒಡೆಯರೇ ಆಳುಗಳಿಗೆ ಊಟ ಬಡಿಸುವುದು ಅದರಲ್ಲಿತ್ತು. ರೋಮ್‌ನಲ್ಲಿ ಕ್ರಿ.ಶ. 354ರಲ್ಲಿ ಸಿದ್ಧವಾದ ಒಂದು ಪಂಚಾಂಗ ಸಂಗ್ರಹದಲ್ಲಿ ಡಿಸೆಂಬರ್ 25 ಅಜೇಯ ಸೂರ್ಯನ ಹುಟ್ಟುಹಬ್ಬವೂ ಹೌದು, ಕ್ರಿಸ್ತನ ಜನ್ಮದಿನವೂ ಹೌದು. ಸಂದೇಶ ಬರೆಯುವವರು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಇನ್ನೊಂದು ಲೆಕ್ಕವೂ ಇದೆ. ಕ್ರಿಸ್ತ ಗರ್ಭದಲ್ಲಿ ಮೂಡಿದ್ದು ಮಾರ್ಚ್ 25ರಂದು ಎಂದು ನಂಬಿದವರು ಅದಕ್ಕೆ ಒಂಬತ್ತು ತಿಂಗಳು ಕೂಡಿಸಿ ಡಿಸೆಂಬರ್ 25ಕ್ಕೆ ಬಂದರು ಎಂಬುದು. ವಿದ್ವಾಂಸರಲ್ಲಿ ಎರಡು ಪಕ್ಷಗಳೂ ಇವೆ.

ಈಸ್ಟರ್ ಕಥೆ ಇನ್ನೂ ಸ್ವಾರಸ್ಯಕರ. ಬ್ಯಾಬಿಲೋನಿನ ಇಶ್ತಾರ್ ದೇವಿಯಿಂದ ಆ ಹೆಸರು ಬಂತು ಎನ್ನುವುದು ಬರೀ ಉಚ್ಚಾರದ ಹೋಲಿಕೆ, ಆಧಾರವಿಲ್ಲ. ಇಂಗ್ಲೆಂಡಿನ ಸನ್ಯಾಸಿ ಬೀಡ್ ಕ್ರಿ.ಶ. 725ರಲ್ಲಿ ಕಾಲಗಣನೆಯ ಬಗ್ಗೆ ಒಂದು ಗ್ರಂಥ ಬರೆದ. ತನ್ನ ಜನ ಹಿಂದೆ ಈಯೋಸ್ಟ್ರೆ ಎಂಬ ದೇವಿಯ ಹೆಸರಿನಲ್ಲಿ ಒಂದು ತಿಂಗಳನ್ನು ಕರೆಯುತ್ತಿದ್ದರು, ಆಗ ಅವಳಿಗೆ ಹಬ್ಬ ಮಾಡುತ್ತಿದ್ದರು ಎಂದು ಅದರಲ್ಲಿ ಹೇಳಿದ. ಆ ದೇವಿಯ ಬಗ್ಗೆ ಹಳೆಯ ಬರಹ ಎಂದರೆ ಈ ಒಂದೆರಡು ವಾಕ್ಯಗಳೇ. ಯುರೋಪಿನ ಹೆಚ್ಚಿನ ಭಾಷೆಗಳಲ್ಲಿ ಈ ಹಬ್ಬದ ಹೆಸರು ಯಹೂದಿಗಳ ಪೆಸಾಖ್‌ನಿಂದ ಬಂದದ್ದು. ಮಂಗಳೂರಿನ ಕೊಂಕಣಿ ಕ್ರೈಸ್ತರು ಪಾಸ್ಕಾಂಚೆಂ ಫೆಸ್ತ್ ಎನ್ನುವುದೂ ಅದೇ ಮೂಲದ್ದು.

ನಮ್ಮ ಕಸುಬಿನಲ್ಲೂ ಇಂಥ ನಿಜ ಮತ್ತು ಕಟ್ಟುಕಥೆ ಅಕ್ಕಪಕ್ಕದಲ್ಲೇ ಇವೆ. ಔಷಧಿ ಅಂಗಡಿಯ ಫಲಕದ ಬಟ್ಟಲು ಮತ್ತು ಹಾವು ಗ್ರೀಕರ ಆರೋಗ್ಯದೇವತೆ ಹೈಜೀಯಾಳ ಗುರುತು. ಇದು ನಿಜ. ವೈದ್ಯರ ಚೀಟಿಯ ಆರ್‌ಎಕ್ಸ್ ಗುರುತು ಈಜಿಪ್ಟಿನ ಹೋರಸ್ ದೇವರ ಕಣ್ಣು ಎನ್ನುವುದು ಮಾತ್ರ ಜನಪ್ರಿಯ ಕಥೆ. ಅದು 'ತೆಗೆದುಕೋ' ಎಂಬ ಅರ್ಥದ ಲ್ಯಾಟಿನ್ ಪದ ರೆಸಿಪೆಯ ಸಂಕ್ಷೇಪ.

ಹೀಗೆ ಹಬ್ಬಗಳಿಗೆ ಹಳೆಯ ಬೇರು ಇರುವುದು ಸರಿ. ಆದರೆ ಬೇರಿನ ಮಣ್ಣಿನಿಂದ ಕಿತ್ತು ಬೇರೆಡೆಗೆ ಒಯ್ದರೆ ಹಬ್ಬ ಏನಾಗುತ್ತದೆ? ಇದನ್ನು ನೋಡಲು ಆಸ್ಟ್ರೇಲಿಯಾ ಒಳ್ಳೆಯ ಜಾಗ. ಗಲ್ಫಿನಲ್ಲಿ ಕೆಲವು ವರ್ಷ ದುಡಿದು ಪರ್ತ್, ಬ್ರಿಸ್ಬೇನ್, ಅಡಿಲೇಡ್‌ಗೆ ಹೋದ ನರ್ಸ್‌ಗಳು, ಎಂಜಿನಿಯರ್‌ಗಳು ನಮ್ಮ ಬಳಗದಲ್ಲೂ ಇದ್ದಾರೆ. ಅಲ್ಲಿ ಋತುಗಳೇ ತಿರುವುಮುರುವು. ಚಳಿಗಾಲದ ಕ್ರಿಸ್ಮಸ್ ಸುಡುಬಿಸಿಲಿಗೆ ಬರುತ್ತದೆ. ವಸಂತದ ಈಸ್ಟರ್ ಎಲೆ ಉದುರುವ ಕಾಲಕ್ಕೆ ಬರುತ್ತದೆ.

ಮೊದಲು ಅಡಿಲೇಡ್. ಈಸ್ಟರ್ ಮೊಟ್ಟೆ ತರುವ ಮೊಲ ಜರ್ಮನಿಯ ಕಲ್ಪನೆ. 1682ರಲ್ಲಿ ಫ್ರಾಂಕ್ ಫಾನ್ ಫ್ರಾಂಕೆನಾವ್ ಎಂಬ ಜರ್ಮನ್ ವೈದ್ಯ ಅದನ್ನು ದಾಖಲಿಸಿದ್ದಾನೆ. ಅದಕ್ಕೂ ಹಿಂದೆ ಅದು ದೇವಿಯ ವಾಹನವಾಗಿತ್ತು ಎನ್ನಲು ಪುರಾವೆ ಇಲ್ಲ. ಆದರೆ ಆಸ್ಟ್ರೇಲಿಯಾಕ್ಕೆ ಮೊಲ ಎಂದರೆ ಮುದ್ದಿನ ಪ್ರಾಣಿಯಲ್ಲ, ಪಿಡುಗು. ಥಾಮಸ್ ಆಸ್ಟಿನ್ ಎಂಬ ಜಮೀನುದಾರ ಬೇಟೆಯ ಮೋಜಿಗೆಂದು ಇಂಗ್ಲೆಂಡಿನಿಂದ ತರಿಸಿದ 24 ಮೊಲಗಳು 1859ರ ಕ್ರಿಸ್ಮಸ್ ದಿನವೇ ಮೆಲ್ಬರ್ನ್ ಬಂದರು ತಲುಪಿದವು. ಅವು ಹಬ್ಬಿದ ಪರಿಗೆ ಪಶ್ಚಿಮ ಆಸ್ಟ್ರೇಲಿಯಾದವರು 1901ರಿಂದ 1907ರವರೆಗೆ ಮರುಭೂಮಿಯ ಉದ್ದಕ್ಕೂ ಬೇಲಿ ಹಾಕಬೇಕಾಯಿತು. ಮೊಲಗಳು ಹುಲ್ಲು, ಬಿಲ ಎಲ್ಲ ಆಕ್ರಮಿಸಿದ್ದರಿಂದ ಬಿಲ್ಬಿ ಎಂಬ ಉದ್ದ ಕಿವಿಯ ಸ್ಥಳೀಯ ಪ್ರಾಣಿ ಅಳಿವಿನ ಅಂಚಿಗೆ ಬಂತು. 1991ರಲ್ಲಿ ಮೊಲಮುಕ್ತ ಆಸ್ಟ್ರೇಲಿಯಾಕ್ಕಾಗಿ ದುಡಿಯುವ ಸಂಸ್ಥೆಯೊಂದು ಈಸ್ಟರ್‌ಗೆ ಮೊಲದ ಬದಲು ಬಿಲ್ಬಿ ಇರಲಿ ಎಂದು ಪ್ರಚಾರ ಆರಂಭಿಸಿತು. ಅಡಿಲೇಡ್‌ನ ಹಳೆಯ ಚಾಕೊಲೇಟ್ ಕಂಪನಿ ಹೇಗ್ಸ್ 1993ರಲ್ಲಿ ಮೊಲ ಬಿಟ್ಟು ಬಿಲ್ಬಿ ಮಾಡತೊಡಗಿತು. ಬಿಲ್ಬಿಯನ್ನೇ ನೋಡಿ ಬೆಳೆದ ಮಗುವಿಗೆ ಈಸ್ಟರ್ ಎಂದರೆ ಅದೇ.

ಇನ್ನು ಪರ್ತ್. ಅಲ್ಲಿ ಡಿಸೆಂಬರ್ ಬಿಸಿಲಿಗೆ ಕಿತ್ತಳೆ ಮಿಶ್ರಿತ ಹಳದಿ ಹೂ ಹೊತ್ತು ನಿಲ್ಲುವ ಮರವೊಂದಿದೆ. ಬಂದ ಇಂಗ್ಲಿಷರು ಅದನ್ನು ಕ್ರಿಸ್ಮಸ್ ಮರ ಎಂದರು. ಅಲ್ಲಿನ ಮೂಲನಿವಾಸಿ ನೂಂಗಾರ್ ಜನರಿಗೆ ಅದು ಮೂಜಾರ್. ಸತ್ತವರ ಆತ್ಮಗಳು ದೂರದ ಲೋಕಕ್ಕೆ ಹೋಗುವ ಮುನ್ನ ಅದರ ಮೇಲೆ ತಂಗುತ್ತವೆ ಎಂಬುದು ಅವರ ನಂಬಿಕೆ. ಈ ಮರ ನಮಗೂ ಒಂದು ರೀತಿಯಲ್ಲಿ ನೆಂಟ. ನಮ್ಮ ಮಾವಿನ ಮರಕ್ಕೆ ಹತ್ತುವ ಬಂದಳಿಕೆಯ ಕುಟುಂಬಕ್ಕೇ ಸೇರಿದ್ದು. ನೆಲದಡಿಯಲ್ಲಿ ಬೇರೆ ಗಿಡಗಳ ಬೇರಿಗೆ ಕಚ್ಚಿ ಬದುಕುತ್ತದೆ. ಯುರೋಪಿನವರು ಕ್ರಿಸ್ಮಸ್ಸಿಗೆ ಬಾಗಿಲ ಮೇಲೆ ತೂಗುಹಾಕುವ ಮಿಸಲ್‌ಟೋ ಕೂಡ ಬಂದಳಿಕೆಯೇ. ಓಕ್ ಮರದ ಆ ಬಂದಳಿಕೆಯನ್ನು ಡ್ರೂಯಿಡ್ ಪುರೋಹಿತರು ಚಿನ್ನದ ಕುಡುಗೋಲಿನಿಂದ ಕತ್ತರಿಸುತ್ತಿದ್ದರು ಎಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಯುರೋಪಿನಲ್ಲಿ ಹಳೆಯ ನಂಬಿಕೆಯ ಬಂದಳಿಕೆ ಕ್ರಿಸ್ಮಸ್ ಸೇರಿತು. ಪರ್ತ್‌ನಲ್ಲಿ ಹಿರಿಯರ ಆತ್ಮದ ಬಂದಳಿಕೆಗೆ ಕ್ರಿಸ್ಮಸ್ಸಿನ ಹೆಸರು ಬಿತ್ತು. ಆದರೆ ನೂಂಗಾರರ ಹೆಸರೂ ನಂಬಿಕೆಯೂ ಉಳಿದಿವೆ. ಹೇಳುವವರು ಇದ್ದುದರಿಂದ ಉಳಿದವು.

ಬ್ರಿಸ್ಬೇನ್ ನಗರದ ಲಾಂಛನ ಪುಷ್ಪ ಪಾಯಿನ್‌ಸೆಟ್ಟಿಯಾ. ಮೇಲಿನ ಎಲೆಗಳೇ ಕೆಂಪಾಗಿ ಹೂವಿನಂತೆ ಕಾಣುವ ಆ ಗಿಡವನ್ನು ಬೆಂಗಳೂರಿನಲ್ಲೂ ಡಿಸೆಂಬರ್‌ನಲ್ಲಿ ಕಂಡಿರುತ್ತೀರಿ. ಅದರ ತವರು ಮೆಕ್ಸಿಕೋ. ಕ್ರೈಸ್ತ ಧರ್ಮ ಅಲ್ಲಿಗೆ ಬರುವ ಮೊದಲೇ ಅಜ್ಟೆಕ್ ಜನ ಅದರ ಎಲೆಯಿಂದ ಬಣ್ಣ ತೆಗೆಯುತ್ತಿದ್ದರು, ಹಾಲಿನಂಥ ಸೊನೆಯನ್ನು ಜ್ವರಕ್ಕೆ ಬಳಸುತ್ತಿದ್ದರು. ಈಗ ಅದು ಲೋಕಕ್ಕೆಲ್ಲ ಕ್ರಿಸ್ಮಸ್ ಗಿಡ. ಆದರೆ ರಾತ್ರಿ ಉದ್ದವಾದಾಗ ಮಾತ್ರ ಅದು ಕೆಂಪಾಗುತ್ತದೆ. ಹಾಗಾಗಿ ಬ್ರಿಸ್ಬೇನ್ ತೋಟಗಳಲ್ಲಿ ಅದು ಕೆಂಪಾಗುವುದು ಜೂನ್, ಜುಲೈನಲ್ಲಿ. ಕ್ರಿಸ್ಮಸ್ಸಿಗೆ ಬರೀ ಹಸಿರು. ಗಿಡ ಋತುವನ್ನು ನೋಡುತ್ತದೆ, ಮನುಷ್ಯ ಕ್ಯಾಲೆಂಡರ್ ನೋಡುತ್ತಾನೆ.

ಅಲ್ಲಿಗೆ ಹೋದ ಕನ್ನಡಿಗರ ಯುಗಾದಿಯೂ ಹೀಗೆಯೇ. ಬೇವು ಹೂ ಬಿಡುವ, ಮಾವು ಚಿಗುರುವ ಹಬ್ಬ ಅಲ್ಲಿ ಶರತ್ಕಾಲಕ್ಕೆ ಬರುತ್ತದೆ. ನಮ್ಮಂತೆಯೇ ವರ್ಷಕ್ಕೆ ಆರು ಋತು ಎಣಿಸುವ ನೂಂಗಾರರಿಗೆ ಏಪ್ರಿಲ್ ಎಂದರೆ ಜೆರಾನ್, ತಂಪು ಶುರುವಾಗುವ ಕಾಲ. ಸಂಕ್ರಾಂತಿಯಂದು ಸೂರ್ಯ ಉತ್ತರಕ್ಕೆ ಹೊರಟ ಎಂದು ನಾವು ಸಂತೋಷಪಡುತ್ತೇವೆ. ಪರ್ತ್‌ನವರಿಗೆ ಅವನು ದೂರ ಹೊರಟಂತೆ. ಆದರೂ ಅಲ್ಲಿ ಎಳ್ಳುಬೆಲ್ಲ ಹಂಚುತ್ತಾರೆ. ಅದನ್ನು ತಪ್ಪು ಎನ್ನುವವರು ಯಾರು? ಗಲ್ಫಿನಲ್ಲಿ ನಾವೂ ಸೂಪರ್‌ಮಾರ್ಕೆಟ್ಟಿನ ಬೇವಿನೆಲೆಯಲ್ಲೇ ಯುಗಾದಿ ಮಾಡುತ್ತೇವಲ್ಲ.

ಊರಿನಲ್ಲೂ ಇದೇ ನಡೆದಿದೆ. ಕರಾವಳಿಯಲ್ಲಿ ಹೊಸ ತೆನೆಯನ್ನು ಮನೆ ತುಂಬಿಸಿ ಹೊಸ ಅಕ್ಕಿ ಊಟ ಮಾಡುವುದು ಹಳೆಯ ಪದ್ಧತಿ. ಸೆಪ್ಟೆಂಬರ್ 8ರಂದು ಮಂಗಳೂರಿನ ಕ್ರೈಸ್ತರು ಮೊಂತಿ ಫೆಸ್ತ್ ದಿನ ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು ಹೊಸ ಭತ್ತದ ಕಾಳು ಸೇರಿಸಿ ಉಣ್ಣುತ್ತಾರೆ. ತೆನೆ ಒಂದೇ, ಪ್ರಾರ್ಥನೆ ಬೇರೆ. ನಮ್ಮ ವಾರಗಳ ಹೆಸರನ್ನೂ ನೋಡಿ. ಗ್ರಹಗಳ ಹೆಸರಿನ ಏಳು ದಿನಗಳ ವಾರ ನಮಗೆ ಗ್ರೀಕ್-ರೋಮನ್ ಲೋಕದಿಂದ ಬಂದದ್ದು. ಮಧ್ಯಪ್ರದೇಶದ ಏರಣ್ ಶಾಸನದಲ್ಲಿ, ಕ್ರಿ.ಶ. 484ರಲ್ಲಿ, ಗುರುವಾರದ ಉಲ್ಲೇಖವಿದೆ. ಇಂದು ಗುರುವಾರ ಉಪವಾಸ ಮಾಡುವವರಿಗೆ ಇದು ಸಾಲದ ವಾರ ಎಂದರೆ ಅದರಿಂದ ಅವರ ಭಕ್ತಿ ಕಡಿಮೆಯಾಗುತ್ತದೆಯೇ? ಮೂಲ ಬೇರೆ, ಒಡೆತನ ಬೇರೆ. ಯಾರು ನಡೆಸಿಕೊಂಡು ಬರುತ್ತಾರೋ ಹಬ್ಬ ಅವರದು.

ಋತುವಿನ ಹಂಗೇ ಇಲ್ಲದ ಕ್ಯಾಲೆಂಡರನ್ನೂ ನಾವು ದಿನವೂ ನೋಡುತ್ತಿದ್ದೇವೆ. ಹಿಜರಿ ವರ್ಷ ಚಂದ್ರನನ್ನಷ್ಟೇ ಅನುಸರಿಸುತ್ತದೆ. ರಂಜಾನ್ ಪ್ರತಿವರ್ಷ ಹತ್ತು ಹನ್ನೊಂದು ದಿನ ಮುಂಚೆ ಬರುತ್ತಾ ಸುಮಾರು 33 ವರ್ಷಗಳಲ್ಲಿ ಒಂದು ಸುತ್ತು ಮುಗಿಸುತ್ತದೆ. ಜೂನ್ ಸೆಕೆಯ ಉಪವಾಸವನ್ನೂ ತಂಪು ದಿನಗಳ ಉಪವಾಸವನ್ನೂ ಇಲ್ಲಿ ಬಹಳ ವರ್ಷ ಇದ್ದವರು ಕಂಡಿದ್ದಾರೆ. ಹಬ್ಬದ ಭಾರ ಹೊತ್ತಿರುವುದು ಹವಾಮಾನವಲ್ಲ, ಜನ.

ಆ ಜನ ಹೇಳುವುದನ್ನು ನಿಲ್ಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಈಯೋಸ್ಟ್ರೆಯೇ ಸಾಕ್ಷಿ. ಒಂದು ಇಡೀ ಜನಾಂಗ ಪೂಜಿಸಿದ ದೇವಿಯ ಬಗ್ಗೆ ಉಳಿದದ್ದು ಒಂದೆರಡು ವಾಕ್ಯ. ಮಿಕ್ಕಿದ್ದೆಲ್ಲ ಊಹೆ, ಮತ್ತು ಮೊಬೈಲ್ ಸಂದೇಶ. ನಮ್ಮ ಮನೆಗಳಲ್ಲಿ ಹೊಸ ಅಕ್ಕಿಗೆ ಏನೇನು ಕ್ರಮ, ದೀಪಾವಳಿಗೆ ಬಲೀಂದ್ರನನ್ನು ಹೇಗೆ ಕೂಗುತ್ತಾರೆ, ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಹೇಗೆ ಚೆಲ್ಲುತ್ತಾರೆ ಎಂಬುದು ಬಹುಪಾಲು ಅಜ್ಜಿ, ಅಮ್ಮ, ದೊಡ್ಡಮ್ಮಂದಿರ ಬಾಯಲ್ಲಷ್ಟೇ ಇದೆ. ನಮ್ಮ ಮಕ್ಕಳು ನಾಳೆ ಅಡಿಲೇಡ್‌ನಲ್ಲಿ ಇರುತ್ತಾರೋ ಆಳಂದದಲ್ಲಿ ಇರುತ್ತಾರೋ ಗೊತ್ತಿಲ್ಲ. ಈ ವಾರ ಊರಿಗೆ ಫೋನ್ ಮಾಡಿದಾಗ ಹಣ ತಲುಪಿತೇ, ಬಿಪಿ ಮಾತ್ರೆ ಮುಗಿಯಿತೇ ಎಂದು ಕೇಳಿದ ಮೇಲೆ ಇದನ್ನೂ ಒಂದು ಮಾತು ಕೇಳೋಣ. ಕೇಳಿದ್ದನ್ನು ದಿನಾಂಕ ಹಾಕಿ, ಊರಿನ ಹೆಸರು ಸೇರಿಸಿ, ಒಂದು ನೋಟುಬುಕ್ಕಿನಲ್ಲಿ ಬರೆದಿಡೋಣ.