ಅಡುಗೆಮನೆಯೂ ಜಠರಾಗ್ನಿಯೂ

ಹೊಟ್ಟೆ ಉಬ್ಬರಿಸಿದರೆ ಅಜವಾನ, ಅಜೀರ್ಣವಾದರೆ ಇಂಗು ಬೆರೆಸಿದ ಮಜ್ಜಿಗೆ. ಕಲಘಟಗಿ ತಾಲ್ಲೂಕಿನ ದೇವಿಕೊಪ್ಪದಲ್ಲಾಗಲಿ ಧಾರವಾಡದ ಪೇಟೆಯಲ್ಲಾಗಲಿ ಮನೆಯ ಹಿರಿಯರ ಕೈ ಮೊದಲು ಹೋಗುವುದು ಒಗ್ಗರಣೆಯ ಡಬ್ಬಿಗೆ. ಈ ರೂಢಿಯ ಬೆನ್ನಿಗೆ ಸಾವಿರ ವರ್ಷದ ಕನ್ನಡ ನಾಡಿನ ಗ್ರಂಥಗಳೂ ಇವೆಯೆಂಬುದನ್ನು ಬಲ್ಲವರು ವಿರಳ.

ಕಲ್ಯಾಣದ ಚಾಲುಕ್ಯ ದೊರೆ ಎರಡನೆಯ ಜಯಸಿಂಹನ ಆಶ್ರಯದಲ್ಲಿ ಇಮ್ಮಡಿ ಚಾವುಂಡರಾಯನು ಸುಮಾರು ಕ್ರಿ.ಶ. ೧೦೨೫ರಲ್ಲಿ ‘ಲೋಕೋಪಕಾರ’ವನ್ನು ರಚಿಸಿದನು. (ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಬೇರೆ, ಹೆಸರು ಕಂಡು ವಿದ್ಯಾರ್ಥಿಗಳು ಎಡವುವುದುಂಟು.) ನೆಲದೊಳಗಿನ ನೀರನ್ನು ಗುರುತಿಸುವ ಬಗೆ, ಗಿಡಮರಗಳ ಆರೈಕೆ, ಅಡುಗೆ, ವೈದ್ಯ, ವಿಷಚಿಕಿತ್ಸೆ, ಶಕುನ ಎಲ್ಲವೂ ಆ ಒಂದೇ ಪುಸ್ತಕದಲ್ಲಿವೆ. ಇದನ್ನು ಕಲಬೆರಕೆಯೆಂದು ಮೂಗು ಮುರಿಯುವವರುಂಟು. ನನಗೆ ಹಾಗೆ ತೋರುವುದಿಲ್ಲ. ಕುಡಿಯುವ ನೀರು, ಬೆಳೆಯುವ ಕಾಯಿ, ಉಣ್ಣುವ ಅನ್ನ, ಅದು ಅರಗದಿದ್ದಾಗಿನ ಮದ್ದು, ಇವೆಲ್ಲ ಸಂಸಾರಿಗೆ ಒಂದೇ ಚಿಂತೆಯಲ್ಲವೆ?

ಆಯುರ್ವೇದದ ನೋಟವೂ ಇದೇ. ಜಠರಾಗ್ನಿ ಕುಂದಿದರೆ ದೇಹವೆಲ್ಲ ಕುಂದಿತು. ಹೊಟ್ಟೆಯ ಎರಡು ಪಾಲು ಅನ್ನಕ್ಕೆ, ಒಂದು ಪಾಲು ನೀರಿಗೆ, ಉಳಿದೊಂದು ಪಾಲು ಗಾಳಿಗೆಂದು ಬಿಡಬೇಕೆಂಬುದು ವಾಗ್ಭಟನ ‘ಅಷ್ಟಾಂಗಹೃದಯ’ದ ಲೆಕ್ಕ. ಮೊದಲಿನ ಊಟ ಅರಗದೆ ಮತ್ತೆ ಎಲೆಯ ಮುಂದೆ ಕೂಡ್ರಬಾರದು. ‘ಹಸಿದು ಹಲಸು, ಉಂಡು ಮಾವು’ ಎಂಬ ನಮ್ಮ ಗಾದೆಯೂ ಪದಾರ್ಥದ ಜೊತೆಗೆ ಹೊತ್ತನ್ನು ನೋಡುತ್ತದೆ.

ಚಾಲುಕ್ಯ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿಗೆ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣ ಓದತಕ್ಕದ್ದು. ಮಾಂಸದ ಅಡುಗೆಗಳೂ ಅಲ್ಲಿ ಧಾರಾಳವಾಗಿವೆ. ಇಂದಿನ ಇಡ್ಲಿಯ ಪೂರ್ವಜವೆನ್ನಬಹುದಾದ ‘ಇಡ್ಡರಿಕೆ’ ಅಕ್ಕಿಯಿಲ್ಲದ ಬರಿಯ ಉದ್ದಿನದು. ಅದಕ್ಕೆ ಮೆಣಸು, ಜೀರಿಗೆ, ಇಂಗು ಸೇರಬೇಕು. ಉದ್ದು ಜಡ ಧಾನ್ಯ. ಇಂಗು, ಜೀರಿಗೆ ಬರಿಯ ರುಚಿಗಾಗಿ ಬಂದುವಲ್ಲವೆಂದು ನನ್ನ ಊಹೆ.

ಜೈನನಾದ ಮೂರನೆಯ ಮಂಗರಸನು ಸುಮಾರು ೧೫೦೮ರಲ್ಲಿ ವಾರ್ಧಕ ಷಟ್ಪದಿಯಲ್ಲಿ ‘ಸೂಪಶಾಸ್ತ್ರ’ವನ್ನು ಬರೆದನು. ಅದು ಶುದ್ಧ ಸಸ್ಯಾಹಾರದ ಗ್ರಂಥ. ಬದನೆ, ಹಲಸು, ಬಾಳೆಗಳ ಪಾಕ ವಿಸ್ತಾರವಾಗಿವೆ. ಆದರೆ ಈ ಮೂರು ಗ್ರಂಥಗಳಲ್ಲಿ ಎಲ್ಲಿ ಹುಡುಕಿದರೂ ಮೆಣಸಿನಕಾಯಿ ಸಿಗದು! ಅಮೆರಿಕದ ಆ ಕಾಯಿ ಪೋರ್ತುಗೀಜರ ಹಡಗಿನಲ್ಲಿ ಬಂದದ್ದು; ಗೋವೆ ಅವರ ವಶವಾದದ್ದೇ ೧೫೧೦ರಲ್ಲಿ. ಅದಕ್ಕೆ ಮೊದಲು ನಮ್ಮ ನಾಡಿನ ಖಾರವೆಂದರೆ ಕರಿಮೆಣಸು, ಹಿಪ್ಪಲಿ, ಶುಂಠಿ. ಜೋಳದ ರೊಟ್ಟಿಗೆ ರಂಜಕ ಹಚ್ಚಿಕೊಂಡು, ‘ಇದು ಅನಾದಿ ಕಾಲದ ಊಟ, ಹೊಟ್ಟೆಗೆ ಏನೂ ಆಗದು’ ಎನ್ನುವವರು ಅನಾದಿಯನ್ನು ತುಸು ಈಚೆಗೆ ಎಳೆದುಕೊಳ್ಳಬೇಕು. ಬ್ಯಾಡಗಿಯ ಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು ನಮ್ಮ ಪುಣ್ಯ.

ಹಳೆಯ ಪುಸ್ತಕಗಳ ಮೇಲೆ ಹೊರಿಸುವ ಭಾರಕ್ಕೂ ಮಿತಿಯುಂಟು. ಜಠರದ ಹುಣ್ಣಿಗೆ ಖಾರ, ಚಿಂತೆಗಳೇ ಕಾರಣವೆಂದು ಪಾಶ್ಚಾತ್ಯ ವೈದ್ಯರೂ ಬಹುಕಾಲ ನಂಬಿದ್ದರು. ೧೯೮೨ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರು ಜಠರದಲ್ಲಿ ಬೀಡುಬಿಡುವ ಒಂದು ಸೂಕ್ಷ್ಮಾಣುವನ್ನು ಬೆಳೆಸಿ ತೋರಿಸಿದರು. ಬಹಳಷ್ಟು ಹುಣ್ಣುಗಳಿಗೆ ಅದೇ ಮೂಲವೆಂದು ಸ್ಥಿರಪಟ್ಟು, ೨೦೦೫ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಬಂದಿತು. ಅಂಥ ಹುಣ್ಣಿಗೆ ಆ ಸೂಕ್ಷ್ಮಾಣುವನ್ನು ಕೊಲ್ಲುವ ಔಷಧವೇ ಬೇಕು. ನೋವು ವಾರಗಟ್ಟಲೆ ಬಿಡದಿದ್ದರೂ, ಮಲ ಡಾಂಬರಿನಂತೆ ಕಪ್ಪಗಾದರೂ ಮಜ್ಜಿಗೆಯನ್ನೇ ನೆಚ್ಚಿ ಕೂಡ್ರುವುದು ಅಪಾಯ. ಚಾವುಂಡರಾಯನಾದರೂ ಅಡುಗೆಗೆ ಒಂದು ಅಧ್ಯಾಯ ಕೊಟ್ಟು, ವೈದ್ಯವನ್ನು ಬೇರೆಯಾಗಿಯೇ ಹೇಳಿದ್ದಾನೆ.