ಯೇಲ್ ವಿಶ್ವವಿದ್ಯಾನಿಲಯ: ಬೋಧನೆಯಿಂದ ಸಂಶೋಧನೆಯ ಕಡೆಗೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಉಚ್ಚಶಿಕ್ಷಣದ ಚರಿತ್ರೆಯನ್ನು ಬರೆದವರಲ್ಲಿ ಅನೇಕರು, ಆ ದೇಶದಲ್ಲಿ ಸಂಶೋಧನಪ್ರಧಾನವಾದ ವಿಶ್ವವಿದ್ಯಾನಿಲಯವು ೧೮೭೬ರಲ್ಲಿ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದೊಡನೆ ಹುಟ್ಟಿತೆಂದು ಹೇಳುವುದುಂಟು. ಜರ್ಮನಿಯ ಮಾದರಿಯನ್ನು ತಂದು ಹೊಸ ನೆಲದಲ್ಲಿ ನೆಟ್ಟರು, ಅದು ಬೇರೂರಿ ಫಲಕೊಟ್ಟಿತು ಎಂಬುದು ಈ ಮತದ ಸಾರ. ಇದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಅದಕ್ಕೆ ಹದಿನೈದು ವರ್ಷ ಮೊದಲೇ, ೧೮೬೧ರಲ್ಲಿ, ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ಪಟ್ಟಣದ ಯೇಲ್ ಕಾಲೇಜು ಮೂವರು ವಿದ್ಯಾರ್ಥಿಗಳಿಗೆ ಪಿಎಚ್.ಡಿ. ಪದವಿಯನ್ನು ಕೊಟ್ಟಿತ್ತು. ಅಮೆರಿಕದ ವಿದ್ಯಾಸಂಸ್ಥೆಯೊಂದು ಕೊಟ್ಟ ಮೊದಲ ಪಿಎಚ್.ಡಿ. ಪದವಿಗಳು ಅವೇ. ವಿಚಿತ್ರವೆಂದರೆ, ಹಳೆಯ ಪಠ್ಯಕ್ರಮದ ಭದ್ರವಾದ ಕೋಟೆಯೆಂದು ಆಗ ಹೆಸರಾಗಿದ್ದುದೂ ಅದೇ ಕಾಲೇಜು. ಸಂಪ್ರದಾಯಕ್ಕೆ ಅಂಟಿಕೊಂಡಿದ್ದ ಸಂಸ್ಥೆಯೊಂದರಲ್ಲಿ ಹೊಸತು ಮೊದಲು ತಲೆಯೆತ್ತಿದುದು ಹೇಗೆ? ಹಾಗೆ ತೆರೆದ ಬಾಗಿಲಿನೊಳಗೆ ಯಾರು ಬಂದರು, ಯಾರು ಹೊರಗುಳಿದರು? ಈ ಎರಡು ಪ್ರಶ್ನೆಗಳನ್ನು ವಿಚಾರಮಾಡುವುದೇ ಪ್ರಸ್ತುತ ಲೇಖನದ ಉದ್ದೇಶ.

೧

ಯೇಲಿನ ಮೂಲವು ೧೭೦೧ರ ಅಕ್ಟೋಬರ್ ತಿಂಗಳಲ್ಲಿ ಕನೆಕ್ಟಿಕಟ್ ವಸಾಹತಿನ ಶಾಸನಸಭೆಯು ಅಂಗೀಕರಿಸಿದ ಒಂದು ಕಾಯಿದೆಯಲ್ಲಿದೆ. ತರುಣರಿಗೆ ಕಲೆಗಳನ್ನೂ ಶಾಸ್ತ್ರಗಳನ್ನೂ ಕಲಿಸಿ, ಅವರನ್ನು ಚರ್ಚಿನ ಸೇವೆಗೂ ರಾಜ್ಯದ ಸೇವೆಗೂ ಅರ್ಹರನ್ನಾಗಿ ಮಾಡತಕ್ಕ ಒಂದು ‘ಕಲೀಜಿಯೇಟ್ ಸ್ಕೂಲ್’ ಸ್ಥಾಪಿಸಲು ಆ ಕಾಯಿದೆ ಅಧಿಕಾರ ಕೊಟ್ಟಿತು. ಅದರ ಧರ್ಮದರ್ಶಿಗಳು ಪಾದ್ರಿಗಳು. ಅವರಲ್ಲಿ ಬಹುಮಂದಿ ೧೬೩೬ರಲ್ಲಿ ಸ್ಥಾಪಿತವಾಗಿದ್ದ ಹಾರ್ವರ್ಡಿನಲ್ಲಿ ಓದಿದವರು. ಮೊದಲ ಮುಖ್ಯಾಧಿಕಾರಿಯಾದ ಏಬ್ರಹಾಮ್ ಪಿಯರ್ಸನ್ ಕಿಲ್ಲಿಂಗ್‌ವರ್ತ್ ಗ್ರಾಮದ ತನ್ನ ಮನೆಯಲ್ಲಿಯೇ ಪಾಠ ಹೇಳುತ್ತಿದ್ದನು. ಶಾಲೆಯು ನ್ಯೂ ಹೇವನ್ನಿಗೆ ಬಂದು ನೆಲೆಸಿದುದು ೧೭೧೬ರಲ್ಲಿ.

ಕಟ್ಟಡಕ್ಕೆ ಹಣ ಸಾಲದೆ ಧರ್ಮದರ್ಶಿಗಳು ಕಂಗೆಟ್ಟಿದ್ದಾಗ ನೆರವು ಬಂದುದು ಲಂಡನ್ನಿನಿಂದ; ಆ ಹಣದ ಹಿಂದೆ ಇದ್ದುದು ಮದರಾಸು. ಎಲೈಹು ಯೇಲ್ ಎಂಬಾತನು ೧೬೪೯ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಇಂಗ್ಲೆಂಡಿಗೆ ಹೋಗಿ, ೧೬೭೨ರಲ್ಲಿ ಈಸ್ಟ್ ಇಂಡಿಯಾ ಕುಂಪಣಿಯ ಗುಮಾಸ್ತನಾಗಿ ಮದರಾಸಿಗೆ ಬಂದವನು. ೧೬೮೭ರಿಂದ ೧೬೯೨ರ ವರೆಗೆ ಸೇಂಟ್ ಜಾರ್ಜ್ ಕೋಟೆಯ ಗವರ್ನರನಾಗಿದ್ದು, ಅಕ್ರಮ ಸಂಪಾದನೆಯ ಆರೋಪಗಳ ನಡುವೆ ಆ ಪದವಿಯನ್ನು ಕಳೆದುಕೊಂಡನು. ಆದರೆ ಗಳಿಸಿದ ಸಂಪತ್ತು ಅವನಲ್ಲಿಯೇ ಉಳಿಯಿತು. ೧೭೧೮ರಲ್ಲಿ ಅವನು ಒಂಬತ್ತು ಮೂಟೆ ಸರಕು, ೪೧೭ ಗ್ರಂಥಗಳು, ಒಂದನೆಯ ಜಾರ್ಜ್ ದೊರೆಯ ಒಂದು ಚಿತ್ರಪಟ ಇವನ್ನು ಕಳುಹಿಸಿದನು. ಮಸ್ಲಿನ್, ಕ್ಯಾಲಿಕೊ ಮುಂತಾದ ಬಟ್ಟೆಗಳಿದ್ದ ಆ ಮೂಟೆಗಳ ಮಾರಾಟದಿಂದ ಸುಮಾರು ೫೬೨ ಪೌಂಡು ಕೈಸೇರಿತು. ಕಾಲೇಜು ದಾನಿಯ ಹೆಸರನ್ನು ಧರಿಸಿತು. ಯೇಲ್ ಗವರ್ನರನಾಗಿದ್ದ ಕಾಲದಲ್ಲಿ ಮದರಾಸಿನ ಬಂದರಿನಿಂದ ಗುಲಾಮರ ಸಾಗಾಟವೂ ನಡೆದಿತ್ತೆಂಬುದನ್ನು ಈ ಸಂದರ್ಭದಲ್ಲಿ ಹೇಳದೆ ಬಿಡುವಂತಿಲ್ಲ. ಪೂರ್ವದೇಶದ ವ್ಯಾಪಾರದಲ್ಲಿ ಹೇಗೆಹೇಗೋ ಬಂದ ಹಣವು ಪಶ್ಚಿಮದಲ್ಲಿ ವಿದ್ಯಾದಾನವಾಗಿ ಪರಿಣಮಿಸಿದ ಈ ಪ್ರಸಂಗದಲ್ಲಿ, ನಮ್ಮ ಕರಾವಳಿಯ ಚರಿತ್ರೆಯನ್ನು ಅಭ್ಯಸಿಸುವವರಿಗೂ ವಿಚಾರಮಾಡತಕ್ಕ ವಿಷಯವಿದೆ.

ಇದಕ್ಕಿಂತ ಭಿನ್ನವಾದ ದಾನವೊಂದನ್ನೂ ಇಲ್ಲಿಯೇ ಸ್ಮರಿಸಬೇಕು. ತತ್ತ್ವಜ್ಞಾನಿಯಾದ ಜಾರ್ಜ್ ಬರ್ಕ್ಲಿಯು ೧೭೩೨ರಲ್ಲಿ ರೋಡ್ ಐಲೆಂಡಿನಲ್ಲಿದ್ದ ತನ್ನ ಹೊಲಮನೆಯನ್ನು ಯೇಲಿಗೆ ಬಿಟ್ಟುಕೊಟ್ಟನು. ಅದರ ಉತ್ಪನ್ನದಿಂದ, ಗ್ರೀಕ್ ಮತ್ತು ಲ್ಯಾಟಿನ್ ಪರೀಕ್ಷೆಯಲ್ಲಿ ಮೇಲಾದವರು ಮೊದಲ ಪದವಿ ಪಡೆದ ಮೇಲೂ ಕಾಲೇಜಿನಲ್ಲಿಯೇ ನಿಂತು ವ್ಯಾಸಂಗ ಮುಂದುವರಿಸಲು ವೇತನ ಕೊಡಬೇಕೆಂಬುದು ಕರಾರು. ಪದವಿಯ ಆಚೆಗೂ ಓದು ಇದೆಯೆಂಬ ಭಾವನೆಗೆ ಆ ಸಂಸ್ಥೆಯಲ್ಲಿ ದೊರೆತ ಮೊದಲ ಆಶ್ರಯವಿದು.

೨

ಹದಿನೆಂಟನೆಯ ಶತಮಾನದ ವಿದ್ಯಾಜೀವನವು ಕಟ್ಟುನಿಟ್ಟಾಗಿತ್ತು. ಬೆಳಗಿನ ಪ್ರಾರ್ಥನೆಯಿಂದ ದಿನಚರಿ ಆರಂಭ. ಲ್ಯಾಟಿನ್, ಗ್ರೀಕ್, ತರ್ಕ, ಗಣಿತ, ನೀತಿಶಾಸ್ತ್ರಗಳು ಎಲ್ಲರಿಗೂ ಒಂದೇ ಕ್ರಮದಲ್ಲಿ ಕಡ್ಡಾಯ. ಬೋಧನೆಯ ವಿಧಾನವೆಂದರೆ ಪಾಠ ಒಪ್ಪಿಸುವುದು: ಗೊತ್ತುಮಾಡಿದ ಪುಟಗಳನ್ನು ವಿದ್ಯಾರ್ಥಿ ಓದಿಕೊಂಡು ಬರಬೇಕು, ಉಪಾಧ್ಯಾಯನು ಕೇಳಿದಾಗ ಎದ್ದುನಿಂತು ಒಪ್ಪಿಸಬೇಕು. ವಿದ್ಯಾರ್ಥಿಗಳ ಹೆಸರುಗಳನ್ನು ಅವರ ಮನೆತನದ ಅಂತಸ್ತಿಗನುಸಾರವಾಗಿ ಬರೆಯುವ ಪದ್ಧತಿ ೧೭೬೦ರ ದಶಕದವರೆಗೂ ಉಳಿದಿತ್ತು. ಆಮೇಲೆ ಅಕಾರಾದಿಕ್ರಮ ಬಂದಿತು. ಈ ಶಿಸ್ತಿನ ಬಿಗಿ ಮುಂದಿನ ಶತಮಾನದಲ್ಲಿಯೂ ಸಡಿಲವಾಗಲಿಲ್ಲ. ೧೮೩೦ರಲ್ಲಿ ಶಂಕುಚ್ಛೇದಗಳ ಪಾಠವನ್ನು ಹೊಸ ರೀತಿಯಲ್ಲಿ ಒಪ್ಪಿಸಲು ನಿರಾಕರಿಸಿದ ನಲವತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಕಾಲೇಜಿನಿಂದ ಹೊರಹಾಕಲಾಯಿತು.

ಈ ಹಿನ್ನೆಲೆಯಲ್ಲಿ ೧೮೨೮ರ ಪ್ರಸಿದ್ಧವಾದ ವರದಿಯನ್ನು ನೋಡಬೇಕು. ವ್ಯವಹಾರದಲ್ಲಿಲ್ಲದ ಪ್ರಾಚೀನ ಭಾಷೆಗಳನ್ನು ಪಠ್ಯಕ್ರಮದಿಂದ ಬಿಡಬಹುದೇ ಎಂಬ ಪ್ರಶ್ನೆಯನ್ನು ಆಡಳಿತ ಮಂಡಲಿಯು ೧೮೨೭ರಲ್ಲಿ ಎತ್ತಿತು. ಅಧ್ಯಕ್ಷನಾದ ಜೆರಮೈಯ ಡೇ ಮತ್ತು ಪ್ರಾಧ್ಯಾಪಕನಾದ ಜೇಮ್ಸ್ ಕಿಂಗ್‌ಸ್ಲಿ ಇವರು ಮುಖ್ಯವಾಗಿ ಬರೆದ ಉತ್ತರವು, ಬಿಡಕೂಡದು ಎಂದು ಸ್ಪಷ್ಟವಾಗಿ ಹೇಳಿತು. ವಿದ್ಯೆಯ ಪ್ರಯೋಜನಗಳು ಎರಡು: ಮನಸ್ಸನ್ನು ಪಳಗಿಸುವುದು ಒಂದು, ಅದನ್ನು ಜ್ಞಾನದಿಂದ ತುಂಬುವುದು ಇನ್ನೊಂದು, ಇವುಗಳಲ್ಲಿ ಮೊದಲನೆಯದೇ ಹೆಚ್ಚಿನದು, ಅದಕ್ಕೆ ಪ್ರಾಚೀನ ಭಾಷೆಗಳೂ ಗಣಿತವೂ ತಕ್ಕ ಸಾಧನಗಳು. ಇದು ವರದಿಯ ವಾದ. ಈ ವರದಿಯನ್ನು ಬರಿಯ ಮೂಢ ಸಂಪ್ರದಾಯಶರಣತೆಯೆಂದು ತಳ್ಳಿಹಾಕುವವರಿದ್ದಾರೆ. ನಮಗೆ ಈ ತೀರ್ಪು ಅವಸರದ್ದೆಂದು ತೋರುತ್ತದೆ. ವರದಿಯ ಕರ್ತೃಗಳು ಜರ್ಮನಿಯ ವಿಶ್ವವಿದ್ಯಾನಿಲಯಗಳನ್ನು ಅರಿಯದವರಲ್ಲ. ಗ್ರಂಥಭಂಡಾರವೂ ಹಣವೂ ಇಲ್ಲದೆ ಅವುಗಳನ್ನು ಅನುಕರಿಸಹೊರಟರೆ ನಗೆಪಾಟಲಾಗುವುದೆಂಬುದು ಅವರ ಭಯ. ಕಾಲೇಜು ಬುನಾದಿಯನ್ನು ಮಾತ್ರ ಹಾಕಬೇಕು, ಮೇಲಿನ ಅಂತಸ್ತು ಬೇರೆಯಾಗಿಯೇ ಏಳಬೇಕು ಎಂಬ ತಿಳಿವು ಅವರ ಮಾತಿನಲ್ಲಿ ಅಡಗಿದೆ. ಮುಂದೆ ನಡೆದುದೂ ಹೆಚ್ಚುಕಡಿಮೆ ಹಾಗೆಯೇ.

೩

ಆ ಮೇಲಿನ ಅಂತಸ್ತನ್ನು ಎತ್ತಿದವರು ಕಾಲೇಜಿನ ಮಧ್ಯದಲ್ಲಿದ್ದವರಲ್ಲ, ಅಂಚಿನಲ್ಲಿದ್ದ ಕೆಲವರು. ಇದಕ್ಕೆ ಮೂರು ನಿದರ್ಶನಗಳನ್ನು ಕೊಡಬಹುದು.

ಮೊದಲನೆಯದು ಸಂಸ್ಕೃತದ ಅಧ್ಯಯನ. ೧೮೪೧ರಲ್ಲಿ ಎಡ್ವರ್ಡ್ ಸಾಲ್ಸ್‌ಬರಿಯು ಯೇಲಿನಲ್ಲಿ ಅರಬ್ಬೀ ಮತ್ತು ಸಂಸ್ಕೃತ ಭಾಷೆಗಳ ಪ್ರಾಧ್ಯಾಪಕನಾಗಿ ನೇಮಕಗೊಂಡನು. ಅಮೆರಿಕದಲ್ಲಿ ಇಂತಹ ಪೀಠ ಇದೇ ಮೊದಲು. ಸಂಬಳವಿಲ್ಲ, ವಿದ್ಯಾರ್ಥಿಗಳೂ ಬಹುಕಾಲ ಇರಲಿಲ್ಲ. ೧೮೪೯ರ ಸುಮಾರಿಗೆ ಬಂದವರು ಇಬ್ಬರು. ಅವರಲ್ಲಿ ಒಬ್ಬನು ವಿಲಿಯಂ ಡ್ವೈಟ್ ವಿಟ್ನಿ. ಅವನು ಇಲ್ಲಿಂದ ಜರ್ಮನಿಗೆ ಹೋಗಿ ಬರ್ಲಿನ್ನಿನಲ್ಲಿ ವೇಬರನ ಬಳಿಯೂ ಟ್ಯೂಬಿಂಗೆನ್ನಿನಲ್ಲಿ ರೋತನ ಬಳಿಯೂ ವ್ಯಾಸಂಗಮಾಡಿ ಹಿಂದಿರುಗಿದನು. ೧೮೫೪ರಲ್ಲಿ ಸಾಲ್ಸ್‌ಬರಿಯು ಸಂಸ್ಕೃತದ ಪೀಠವನ್ನು ಶಿಷ್ಯನಿಗೆ ಬಿಟ್ಟುಕೊಟ್ಟು, ಅದಕ್ಕೆ ಬೇಕಾದ ನಿಧಿಯನ್ನು ತನ್ನ ಸ್ವಂತ ಹಣದಿಂದ ಒದಗಿಸಿದನು. ರೋತನೊಡನೆ ವಿಟ್ನಿಯು ಸಂಪಾದಿಸಿದ ಅಥರ್ವವೇದವೂ ೧೮೭೯ರಲ್ಲಿ ಹೊರಬಂದ ಅವನ ಸಂಸ್ಕೃತ ವ್ಯಾಕರಣವೂ ವಿದ್ವಲ್ಲೋಕಕ್ಕೆ ಸುಪರಿಚಿತವಾಗಿವೆ. ಒಬ್ಬ ಗುರು, ಇಬ್ಬರು ಶಿಷ್ಯರು, ಇಲ್ಲದ ಸಂಬಳ: ಅಮೆರಿಕದ ಸಂಸ್ಕೃತ ವಿದ್ವತ್ತಿನ ಒಂದು ಪ್ರಬಲವಾದ ಪರಂಪರೆ ಇಷ್ಟರಿಂದ ಮೊದಲಾಯಿತು.

ಎರಡನೆಯದು ವಿಜ್ಞಾನ. ರಸಾಯನಶಾಸ್ತ್ರದ ಪ್ರಾಧ್ಯಾಪಕನಾದ ಬೆಂಜಮಿನ್ ಸಿಲಿಮನ್ ೧೮೧೮ರಲ್ಲಿಯೇ ವಿಜ್ಞಾನಪತ್ರಿಕೆಯೊಂದನ್ನು ಆರಂಭಿಸಿದ್ದನು. ೧೮೪೭ರಲ್ಲಿ ಪದವೀಧರರ ಮೇಲ್ಮಟ್ಟದ ವ್ಯಾಸಂಗಕ್ಕಾಗಿ ತತ್ತ್ವಶಾಸ್ತ್ರ ಮತ್ತು ಕಲೆಗಳ ವಿಭಾಗವೊಂದು ಏರ್ಪಟ್ಟಿತು. ಅದರಲ್ಲಿ ರಸಾಯನಶಾಸ್ತ್ರವನ್ನು ಬೋಧಿಸಲು ನೇಮಕವಾದ ಇಬ್ಬರಿಗೂ ಕಾಲೇಜು ಸಂಬಳ ಕೊಡಲಿಲ್ಲ. ವಿದ್ಯಾರ್ಥಿಗಳ ಶುಲ್ಕವೇ ಅವರ ವರಮಾನ. ಪ್ರಯೋಗಶಾಲೆಗೆಂದು ಕೊಟ್ಟ ಹಳೆಯ ಮನೆಗೆ ಅವರೇ ಕಾಲೇಜಿಗೆ ಬಾಡಿಗೆ ತೆರಬೇಕಾಗಿತ್ತು. ಈ ಬೀಜವೇ ಬೆಳೆದು, ಜೋಸೆಫ್ ಷೆಫೀಲ್ಡ್ ಎಂಬ ಧನಿಕನ ನೆರವಿನಿಂದ, ೧೮೬೧ರಲ್ಲಿ ಷೆಫೀಲ್ಡ್ ವಿಜ್ಞಾನಶಾಲೆ ಎಂಬ ಹೆಸರು ಪಡೆಯಿತು. ಪಿಎಚ್.ಡಿ. ಪದವಿಯನ್ನು ಕೊಡಬೇಕೆಂಬ ಕೋರಿಕೆ ಹೊರಟುದು ಈ ಶಾಲೆಯ ಅಧ್ಯಾಪಕರಿಂದಲೇ. ಮೇಲ್ಮಟ್ಟದ ಓದಿಗಾಗಿ ತರುಣರು ಜರ್ಮನಿಗೆ ಹೋಗಬೇಕಾಗಿದ್ದುದನ್ನು ತಪ್ಪಿಸುವುದು ಅವರ ಉದ್ದೇಶ. ೧೮೬೦ರಲ್ಲಿ ಆಡಳಿತ ಮಂಡಲಿಯು ಒಪ್ಪಿತು. ಮರುವರ್ಷ ಯೂಜೀನ್ ಸ್ಕೈಲರ್, ಜೇಮ್ಸ್ ವೈಟನ್, ಆರ್ಥರ್ ರೈಟ್ ಈ ಮೂವರು ಪದವಿ ಪಡೆದರು. ವೈಟನ್ ಲ್ಯಾಟಿನ್ ಭಾಷೆಯಲ್ಲಿ ಬರೆದ ಪ್ರಬಂಧ ಕೆಲವೇ ಪುಟಗಳದು. ಇಂದಿನ ಬೃಹತ್ ಪ್ರಬಂಧಗಳ ಕಾಲದಲ್ಲಿ ಇದು ಆಶ್ಚರ್ಯವೆನಿಸಿದರೂ, ಪದವಿಯ ಅರ್ಥವು ಕಾಲಕ್ರಮದಲ್ಲಿ ಬೆಳೆದುಬಂದಿದೆಯೆಂಬುದಕ್ಕೆ ಅದು ಸಾಕ್ಷಿ.

ಮೂರನೆಯ ನಿದರ್ಶನ ಜೋಸೈಯ ವಿಲ್ಲರ್ಡ್ ಗಿಬ್ಸ್. ೧೮೬೩ರಲ್ಲಿ, ಹಲ್ಲುಚಕ್ರಗಳ ಹಲ್ಲುಗಳ ಆಕಾರವನ್ನು ಕುರಿತು ಪ್ರಬಂಧ ಬರೆದು ಪಿಎಚ್.ಡಿ. ಪಡೆದ ಈತನು ೧೮೭೧ರಲ್ಲಿ ಗಣಿತಾತ್ಮಕ ಭೌತಶಾಸ್ತ್ರದ ಪ್ರಾಧ್ಯಾಪಕನಾದನು. ಇಲ್ಲಿಯೂ ಸಂಬಳವಿಲ್ಲ. ಉಷ್ಣಗತಿಶಾಸ್ತ್ರಕ್ಕೆ ಹೊಸ ತಳಹದಿಯನ್ನು ಹಾಕಿದ ಅವನ ಮಹಾಪ್ರಬಂಧವು ೧೮೭೫ರಿಂದ ೧೮೭೮ರ ವರೆಗೆ ಪ್ರಕಟವಾದುದು ಕನೆಕ್ಟಿಕಟ್ಟಿನ ಸ್ಥಳೀಯ ವಿದ್ವತ್ಸಭೆಯ ಪತ್ರಿಕೆಯಲ್ಲಿ. ೧೮೮೦ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯವು ವರ್ಷಕ್ಕೆ ೩,೦೦೦ ಡಾಲರು ಕೊಡುವುದಾಗಿ ಕರೆದ ಮೇಲೆಯೇ ಯೇಲ್ ೨,೦೦೦ ಡಾಲರು ಗೊತ್ತುಮಾಡಿತು. ಗಿಬ್ಸ್ ಕಡಮೆ ಸಂಬಳಕ್ಕೇ ಒಪ್ಪಿ ಉಳಿದನು.

ಈ ಮೂರು ನಿದರ್ಶನಗಳಿಂದ ಹೊರಡುವ ತಾತ್ಪರ್ಯವಿಷ್ಟು. ಜರ್ಮನಿಯ ಪ್ರಭಾವ ನಿಜ. ಆದರೆ ಅದು ಇಡಿಯ ಸಂಸ್ಥೆಯಾಗಿ ಬರುವ ಮೊದಲು ವಿಟ್ನಿಯಂತಹ ವ್ಯಕ್ತಿಗಳ ಮೂಲಕ ಬಂದು, ಹಳೆಯ ಕಾಲೇಜಿನ ಹಿತ್ತಿಲಿನಲ್ಲಿ ಮೊಳೆಯಿತು. ಕಾಲೇಜು ಅದನ್ನು ಪೋಷಿಸಲಿಲ್ಲ. ಆದರೆ ಕಿತ್ತೂ ಹಾಕಲಿಲ್ಲ. ಸ್ವಂತ ಆಸ್ತಿಯಿದ್ದವರು ಮಾತ್ರ ಇಂತಹ ವ್ಯಾಸಂಗದಲ್ಲಿ ನಿಲ್ಲಬಲ್ಲವರಾಗಿದ್ದರೆಂಬುದನ್ನೂ ಗಮನಿಸಬೇಕು. ಸಾಲ್ಸ್‌ಬರಿ, ಗಿಬ್ಸ್ ಇಬ್ಬರಿಗೂ ಮನೆಯ ಅನುಕೂಲವಿತ್ತು. ಅನುಕೂಲವಿಲ್ಲದೆ ಹಿಂದೆ ಸರಿದ ಪ್ರತಿಭಾವಂತರ ಹೆಸರುಗಳು ಯಾವ ದಾಖಲೆಯಲ್ಲಿಯೂ ಸಿಕ್ಕವು.

೪

ಇಷ್ಟಕ್ಕೆ ನಿಲ್ಲಿಸಿದರೆ ಚಿತ್ರ ಅಪೂರ್ಣವಾಗುತ್ತದೆ. ಜ್ಞಾನಕ್ಕೆ ಬಾಗಿಲು ತೆರೆದ ಊರೇ ಮನುಷ್ಯರಿಗೆ ಬಾಗಿಲು ಮುಚ್ಚಿದುದೂ ಉಂಟು. ಕಾಲೇಜಿನ ಆವರಣದಲ್ಲಿ ಇಂದಿಗೂ ನಿಂತಿರುವ ಅತಿ ಹಳೆಯ ಕಟ್ಟಡವಾದ ಕನೆಕ್ಟಿಕಟ್ ಹಾಲನ್ನು ೧೭೫೦ರ ದಶಕದ ಆರಂಭದಲ್ಲಿ ಕಟ್ಟಿದವರಲ್ಲಿ ಆಫ್ರಿಕ ಮೂಲದ ಗುಲಾಮರೂ ಇದ್ದರು. ೧೮೩೧ರಲ್ಲಿ ಕರಿಯ ತರುಣರಿಗಾಗಿ ನ್ಯೂ ಹೇವನ್ನಿನಲ್ಲಿ ಒಂದು ಕಾಲೇಜನ್ನು ತೆರೆಯಬೇಕೆಂಬ ಯೋಜನೆ ಬಂದಾಗ, ಪಟ್ಟಣದ ಸಭೆಯು ೪ ಮತಗಳಿಗೆ ಎದುರಾಗಿ ಸುಮಾರು ೭೦೦ ಮತಗಳಿಂದ ಅದನ್ನು ತಿರಸ್ಕರಿಸಿತು. ವಿರೋಧಿಸಿದವರಲ್ಲಿ ಯೇಲಿನ ನ್ಯಾಯಶಾಸ್ತ್ರದ ಪ್ರಾಧ್ಯಾಪಕನಾದ ಡೇವಿಡ್ ಡ್ಯಾಗೆಟ್ ಪ್ರಮುಖನು. ಅದೇ ದಶಕದಲ್ಲಿ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಜೇಮ್ಸ್ ಪೆನ್ನಿಂಗ್ಟನ್ ಎಂಬಾತನು ಧರ್ಮಶಾಸ್ತ್ರದ ತರಗತಿಗಳಲ್ಲಿ ಕುಳಿತು ಕೇಳಲು ಮಾತ್ರ ಅನುಮತಿ ಪಡೆದನು. ತರಗತಿಯಲ್ಲಿ ಮಾತನಾಡುವಂತಿಲ್ಲ, ಗ್ರಂಥಭಂಡಾರದಿಂದ ಪುಸ್ತಕ ಪಡೆಯುವಂತಿಲ್ಲ, ಹೆಸರು ದಾಖಲಾಗುವಂತಿಲ್ಲ.

ನ್ಯೂ ಹೇವನ್ನಿನಲ್ಲಿಯೇ ೧೮೫೨ರಲ್ಲಿ ಹುಟ್ಟಿದ ಎಡ್ವರ್ಡ್ ಬೂಷೆ ೧೮೭೬ರಲ್ಲಿ ಭೌತಶಾಸ್ತ್ರದಲ್ಲಿ ಯೇಲಿನ ಪಿಎಚ್.ಡಿ. ಪಡೆದನು. ಅಮೆರಿಕದ ವಿಶ್ವವಿದ್ಯಾನಿಲಯವೊಂದರಿಂದ ಈ ಪದವಿಯನ್ನು ಪಡೆದ ಕರಿಯರಲ್ಲಿ ಈತನೇ ಮೊದಲಿಗನು. ಅದು ಜಾನ್ಸ್ ಹಾಪ್‌ಕಿನ್ಸ್ ಆರಂಭವಾದ ವರ್ಷ. ಭೌತಶಾಸ್ತ್ರದಲ್ಲಿ ಅಂತಹ ಪದವಿ ಪಡೆದವರು ಇಡೀ ದೇಶದಲ್ಲಿ ಬೆರಳೆಣಿಕೆಯಷ್ಟು ಮಂದಿ. ಆದರೂ ಯಾವ ದೊಡ್ಡ ವಿದ್ಯಾಪೀಠವೂ ಅವನನ್ನು ಕರೆಯಲಿಲ್ಲ. ಫಿಲಡೆಲ್ಫಿಯದಲ್ಲಿ ಕರಿಯ ತರುಣರಿಗಾಗಿ ಇದ್ದ ಶಾಲೆಯೊಂದರಲ್ಲಿ ಅವನು ಇಪ್ಪತ್ತಾರು ವರ್ಷ ಪಾಠ ಹೇಳಿದನು. ಪದವಿಯು ಯೋಗ್ಯತೆಗೆ ಮುದ್ರೆಯೊತ್ತಿತು. ಸಂಶೋಧನೆ ನಡೆಸಲು ಬೇಕಾದ ಪ್ರಯೋಗಶಾಲೆಯನ್ನೂ ವಿರಾಮವನ್ನೂ ಸಮಾಜವು ಕೊಡಲಿಲ್ಲ.

ಸ್ತ್ರೀಯರ ವಿಷಯದಲ್ಲಿಯೂ ಕ್ರಮ ಇದೇ ಬಗೆಯದು. ಮೊದಲು ಸಡಿಲಗೊಂಡುದು ಅಂಚು. ೧೮೬೯ರಲ್ಲಿ ತೆರೆದ ಚಿತ್ರಕಲೆಯ ಶಾಲೆಗೆ ಅವರಿಗೆ ಪ್ರವೇಶ ದೊರೆಯಿತು, ೧೮೯೨ರಲ್ಲಿ ಪಿಎಚ್.ಡಿ. ವ್ಯಾಸಂಗಕ್ಕೆ ಅವಕಾಶವಾಗಿ, ೧೮೯೪ರಲ್ಲಿ ಏಳು ಮಂದಿ ಆ ಪದವಿಯನ್ನು ಪಡೆದರು. ಆದರೆ ಮೊದಲ ಪದವಿಯ ಕಾಲೇಜು ಅವರಿಗೆ ತೆರೆದುದು ೧೯೬೯ರಲ್ಲಿ. ಮೇಲಿನ ಅಂತಸ್ತಿಗೂ ನೆಲದಂತಸ್ತಿಗೂ ನಡುವೆ ಎಪ್ಪತ್ತೇಳು ವರ್ಷಗಳ ಅಂತರ!

ಸಂಸ್ಥೆಯು ತನ್ನ ಚರಿತ್ರೆಯನ್ನು ತಾನೇ ಪರಿಶೀಲಿಸಲು ತೊಡಗಿದುದು ಇತ್ತೀಚೆಗೆ. ಗುಲಾಮಗಿರಿಯ ಸಮರ್ಥಕನಾದ ಜಾನ್ ಕ್ಯಾಲ್‌ಹೂನನ ಹೆಸರಿನಲ್ಲಿದ್ದ ವಿದ್ಯಾರ್ಥಿನಿಲಯಕ್ಕೆ ೨೦೧೭ರಲ್ಲಿ ಗಣಿತಜ್ಞೆ ಗ್ರೇಸ್ ಹಾಪರಳ ಹೆಸರನ್ನಿಡಲಾಯಿತು. ೨೦೨೩ರಲ್ಲಿ ಪೆನ್ನಿಂಗ್ಟನ್ನನಿಗೆ ಮರಣೋತ್ತರವಾಗಿ ಪದವಿಯನ್ನು ಕೊಡಲಾಯಿತು. ಗುಲಾಮಗಿರಿಯೊಡನೆ ತನಗಿದ್ದ ಸಂಬಂಧವನ್ನು ಕುರಿತು ಇತಿಹಾಸಕಾರರಿಂದ ಸಂಶೋಧನೆ ಮಾಡಿಸಿ, ೨೦೨೪ರ ಫೆಬ್ರವರಿಯಲ್ಲಿ ವಿಶ್ವವಿದ್ಯಾನಿಲಯವು ಬಹಿರಂಗವಾಗಿ ಕ್ಷಮೆ ಕೇಳಿತು. ಇದರಿಂದ ಹಿಂದಿನ ಅನ್ಯಾಯ ಅಳಿಯದು. ಆದರೆ ದಾಖಲೆಗಳನ್ನು ಕಾಪಾಡಿಕೊಂಡು ಬಂದ ಸಂಸ್ಥೆಯು ಅವುಗಳ ಸಾಕ್ಷ್ಯಕ್ಕೆ ತಲೆಬಾಗಬೇಕಾಯಿತೆಂಬುದು ಚರಿತ್ರಕಾರರಿಗೆ ಸಮಾಧಾನದ ಸಂಗತಿ.

೫

ಒಟ್ಟಿನಲ್ಲಿ, ಯೇಲಿನ ಮುನ್ನೂರಕ್ಕೂ ಹೆಚ್ಚು ವರ್ಷಗಳ ಚರಿತ್ರೆಯಿಂದ ಎರಡು ಅಂಶಗಳು ಸ್ಥಿರಪಡುತ್ತವೆ. ಮೊದಲನೆಯದಾಗಿ, ಸಂಶೋಧನೆಯು ಅಲ್ಲಿ ಕಟ್ಟಡದಿಂದಾಗಲಿ ಆಜ್ಞೆಯಿಂದಾಗಲಿ ಹುಟ್ಟಲಿಲ್ಲ. ಒಂದು ವಿಷಯಕ್ಕೆ ತಮ್ಮನ್ನು ತೆತ್ತುಕೊಂಡ ಕೆಲವರಿಗೆ ಸಂಸ್ಥೆಯು ಸ್ಥಳವನ್ನೂ ಹೆಸರನ್ನೂ ಕೊಟ್ಟುದರಿಂದ ಹುಟ್ಟಿತು. ಎರಡನೆಯದಾಗಿ, ಉಚ್ಚತಮವಾದ ಪದವಿಯನ್ನು ಸ್ಥಾಪಿಸಿದ ಮಾತ್ರಕ್ಕೆ ವಿದ್ಯೆ ಸರ್ವರದಾಗುವುದಿಲ್ಲ. ಪದವಿಯ ಹಿಂದೆ ವೇತನವೂ, ಪದವಿಯ ಮುಂದೆ ಉದ್ಯೋಗವೂ, ಎರಡರ ನಡುವೆ ಗ್ರಂಥಭಂಡಾರದ ತೆರೆದ ಬಾಗಿಲೂ ಇರಬೇಕು.

ನಮ್ಮ ವಿಭಾಗಗಳಲ್ಲಿಯೂ ಒಬ್ಬ ಅಧ್ಯಾಪಕನ ಬಳಿ ಒಬ್ಬಿಬ್ಬರೇ ವಿದ್ಯಾರ್ಥಿಗಳು ಕಠಿನವಾದ ವಿಷಯವೊಂದನ್ನು ಓದುತ್ತಿರುವುದುಂಟು. ಸಂಖ್ಯೆ ಸಾಲದೆಂದು ಅಂತಹ ವ್ಯಾಸಂಗವನ್ನು ನಿಲ್ಲಿಸುವ ಮಾತು ಬಂದಾಗ, ಸಾಲ್ಸ್‌ಬರಿಯ ತರಗತಿಯಲ್ಲಿದ್ದವರು ಇಬ್ಬರೇ ಎಂಬುದನ್ನು ನಾವು ನೆನಪಿಗೆ ತಂದುಕೊಳ್ಳಬೇಕು. ಆ ಒಬ್ಬಿಬ್ಬರಲ್ಲಿ ಬಡವನಾದವನು ನಡುವೆಯೇ ಓದು ಬಿಟ್ಟುಹೋಗುವಂತಾದರೆ, ಬೂಷೆಯ ಬಾಳನ್ನೂ ಅದರೊಡನೆಯೇ ನೆನೆಯಬೇಕು.